ಹನ್ನೆರಡು ಹೊಳೆ ದಾಟಿ: ತಲಪಾಡಿಯಿಂದ ವಲಿಯಪರಂಬಕ್ಕೆ ಸೈಕಲ್ ಸವಾರಿ

ಕರ್ನಾಟಕ-ಕೇರಳ ಗಡಿಯ ತಲಪಾಡಿಯಿಂದ ವಲಿಯಪರಂಬ ದ್ವೀಪದ ಎದುರಿನ ತೃಕ್ಕರಿಪುರಕ್ಕೆ ನೇರ ದಾರಿ ತೊಂಬತ್ತು ಕಿಲೋಮೀಟರಿನ ಆಸುಪಾಸು. ಕಾಲು ಪಳಗಿದವರು ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ಮುಗಿಸಿಬಿಡುತ್ತಾರೆ, ಆದರೆ ಕಡಲು ಕಾಣುವುದಿಲ್ಲ. ಕಡಲನ್ನು ಬಲಗಡೆಗೆ ಇಟ್ಟುಕೊಂಡು ಊರೊಳಗಿನ ದಾರಿ ಹಿಡಿದು ಹೋಗಬೇಕೆಂದರೆ ಲೆಕ್ಕವೇ ಬೇರೆ. ಕಾಸರಗೋಡು ಜಿಲ್ಲೆಗೆ 12 ಹೊಳೆಗಳು. ಮಂಜೇಶ್ವರ, ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್, ಚಂದ್ರಗಿರಿ, ಕಳನಾಡು, ಬೇಕಲ, ಚಿತ್ತಾರಿ, ನೀಲೇಶ್ವರ, ಕಾರ್ಯಂಗೋಡು, ಕವ್ವಾಯಿ, ಎಲ್ಲವೂ ಮೂಡಣದಿಂದ ಬಂದು ದಾರಿಗೆ ಅಡ್ಡ ಬೀಳುತ್ತವೆ. ಕಡಲ ಬದಿಯ ದಾರಿ, ಹೊಳೆ ಕಡಲು ಸೇರುವ ಪ್ರತಿ ಅಳಿವೆಯ ಹತ್ತಿರ ಮುಗಿಯುತ್ತದೆ. ಅಲ್ಲಿಂದ ಒಳಕ್ಕೆ ಬಂದು, ಸಂಕ (ಸೇತುವೆ) ದಾಟಿ, ಮತ್ತೆ ಕಡಲಿಗೆ ಇಳಿಯಬೇಕು. ಹೀಗೆ ಸುತ್ತಿ ಸುತ್ತಿ ಡಿಸೆಂಬರಿನ ಈ ಸವಾರಿಯಲ್ಲಿ ಮೀಟರು ತೋರಿಸಿದ್ದು 148 ಕಿಲೋಮೀಟರ್. ಮೂವರು ಸವಾರರು, ನಾಲ್ಕು ದಿನ.

ಆದ್ದರಿಂದ ಯೋಜನೆ ಹಾಕುವಾಗ ದಿನಕ್ಕೆ ಇಷ್ಟು ಕಿಲೋಮೀಟರ್ ಎಂದು ಭಾಗ ಮಾಡಬೇಡಿ. ದಿನಕ್ಕೆ ಎಷ್ಟು ಹೊಳೆ ಎಂದು ಎಣಿಸಿ. ಮೂರು ಹೊಳೆ ಇರುವ ದಿನ ಆರಾಮದ ದಿನ, ಐದಾದರೆ ಕತ್ತಲಾಗುತ್ತದೆ.

ಸವಾರಿ ಬಡಗಿನಿಂದ ತೆಂಕಿಗೇ ಇರಲಿ. ಚಳಿಗಾಲದಲ್ಲಿ ಬೆಳಗಿನ ಗಾಳಿ ನೆಲದ ಕಡೆಯಿಂದ ಮೆಲ್ಲಗೆ ಬೀಸುತ್ತದೆ. ಹನ್ನೊಂದು ಗಂಟೆ ಕಳೆದ ಮೇಲೆ ಕಡಲ ಗಾಳಿ ಏಳುತ್ತದೆ, ಅದು ಹೆಚ್ಚಾಗಿ ವಾಯವ್ಯದಿಂದ. ತೆಂಕಿಗೆ ಹೋಗುವವರಿಗೆ ಅದು ಬೆನ್ನಿಗೆ ಬರುತ್ತದೆ, ಬಡಗಿಗೆ ಬರುವವರ ಎದೆಗೆ ಹೊಡೆಯುತ್ತದೆ. ತಿಂಗಳು ಡಿಸೆಂಬರ್ ಅಥವಾ ಜನವರಿ. ಮಾರ್ಚ್ ಆದ ಮೇಲೆ ಸೆಕೆಗೆ ಬೆವರು ಆರುವುದೇ ಇಲ್ಲ. ಮಳೆಗಾಲದಲ್ಲಂತೂ ಕಡಲ್ಕೊರೆತ ತೀರದ ದಾರಿಗಳನ್ನೇ ತುಂಡು ತುಂಡಾಗಿ ಒಯ್ಯುತ್ತದೆ.

ಸೈಕಲಿನ ಮಾತಿಗೆ ಬಂದರೆ, ತೆಳ್ಳಗಿನ ರೇಸಿಂಗ್ ಟಯರು ಇಲ್ಲಿಗೆ ಸಲ್ಲ. ಒಂದೇ ದಿನದಲ್ಲಿ ಡಾಂಬರು, ಕಾಂಕ್ರೀಟು, ಇಂಟರ್‌ಲಾಕ್, ಮುರಕಲ್ಲಿನ ಮಣ್ಣು, ಮರಳು, ಎಲ್ಲವೂ ಸಿಗುತ್ತವೆ. 35ರಿಂದ 40 ಮಿ.ಮೀ. ಅಗಲದ ಟಯರು ಸರಿ. ಎಪ್ಪತ್ತು ಕಿಲೋ ತೂಕದ ಸವಾರ, ಹತ್ತು ಕಿಲೋ ಸಾಮಾನು ಎಂದಾದರೆ ಹಿಂದಕ್ಕೆ 50, ಮುಂದಕ್ಕೆ 45 ಪಿಎಸ್‌ಐ ಗಾಳಿ ಸಾಕು. ಪಂಚರ್ ಅಂಗಡಿಯ ಕಂಪ್ರೆಸರ್ ಪೈಪು ಕೂರುವುದು ಬೈಕು, ಕಾರುಗಳ ವಾಲ್ವಿಗೆ. ಸೈಕಲಿನದ್ದು ಸಪೂರದ ಪ್ರೆಸ್ಟಾ ವಾಲ್ವ್ ಆಗಿದ್ದರೆ ಹಿತ್ತಾಳೆಯ ಅಡಾಪ್ಟರ್ ಎರಡು ಇಟ್ಟುಕೊಳ್ಳಿ, ಒಂದು ಕಳೆದೇ ಹೋಗುತ್ತದೆ. ಚೈನಿಗೆ ತೆಂಗಿನೆಣ್ಣೆ ಬಿಡುವ ರೂಢಿ ಊರಲ್ಲಿ ಉಂಟು. ದಯವಿಟ್ಟು ಬೇಡ. ಅದು ಅಂಟಾಗಿ ಮರಳನ್ನು ಹಿಡಿದುಕೊಳ್ಳುತ್ತದೆ, ಎರಡೇ ದಿನದಲ್ಲಿ ಚೈನು ಅರದಂತೆ ಹಲ್ಲು ತಿನ್ನಲು ಶುರುಮಾಡುತ್ತದೆ. ತೆಳುವಾದ ಚೈನ್ ಎಣ್ಣೆ ಒಂದೊಂದು ಕೊಂಡಿಗೆ ಒಂದೊಂದು ಹನಿ ಬಿಟ್ಟು, ಹತ್ತು ನಿಮಿಷ ತಿರುಗಿಸಿ, ಹೊರಗಿನದನ್ನು ಪೂರ್ತಿ ಒರೆಸಿಬಿಡಿ. ಸಂಜೆ ತಂಗಿದಲ್ಲಿ ಒಂದು ಬಕೆಟ್ ಸಿಹಿನೀರಿನಿಂದ ರಿಮ್ಮು, ಬ್ರೇಕು ತೊಳೆಯಬೇಕು. ಬ್ರೇಕಿನ ರಬ್ಬರಿಗೆ ಮರಳಿನ ಹರಳು ಕಚ್ಚಿಕೊಂಡಿದ್ದರೆ ಪಿನ್ನಿನಿಂದ ಕೆದಕಿ ತೆಗೆಯಿರಿ. ಇಲ್ಲದಿದ್ದರೆ ಅದು ರಿಮ್ಮನ್ನೇ ಕೆತ್ತುತ್ತದೆ.

ತಲಪಾಡಿ ಗಡಿಯಿಂದ ಮುಂದಕ್ಕೆ ಹೆದ್ದಾರಿ ಈಗ ಆರು ಪಥದ್ದು. ಸೈಕಲಿಗೆ ಜಾಗ ಸರ್ವಿಸ್ ರಸ್ತೆ. ಹಲವೆಡೆ ಅದರಲ್ಲೇ ಎರಡೂ ಕಡೆಯ ವಾಹನಗಳು ಬರುತ್ತವೆ. ದೊಡ್ಡ ಸಂಕಗಳ ಹತ್ತಿರ ಸರ್ವಿಸ್ ರಸ್ತೆ ಮುಗಿದು ಮುಖ್ಯ ರಸ್ತೆಗೇ ಸೇರಬೇಕಾಗುವ ಕಡೆಗಳೂ ಉಂಟು. ಅಂಥಲ್ಲಿ ನಿಂತು, ಹಿಂದಿನ ಕೆಂಪು ದೀಪ ಹಗಲಲ್ಲೂ ಹಾಕಿ, ಲಾರಿಗಳ ಸಾಲು ತಪ್ಪಿದ ಮೇಲೆ ಎಡ ಅಂಚಿನಲ್ಲಿ ಒಬ್ಬರ ಹಿಂದೆ ಒಬ್ಬರಾಗಿ ದಾಟಿ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ 'ಗಿಳಿವಿಂಡು' ನೋಡಲು ಅರ್ಧ ಗಂಟೆ ಇಡಿ. 1949ರಲ್ಲಿ ಮದರಾಸು ಸರ್ಕಾರದಿಂದ ರಾಷ್ಟ್ರಕವಿ ಎನ್ನಿಸಿಕೊಂಡವರ ಮನೆ, ಕಾಸರಗೋಡಿನ ಕನ್ನಡಿಗರು ತಪ್ಪಿಸಬಾರದ್ದು.

ಉಪ್ಪಳ ದಾಟಿದ ಮೇಲೆ ಮೊದಲ ಪಾಠ. ಫೋನಿನ ಮ್ಯಾಪು ಕಡಲ ಬದಿಯಲ್ಲೇ ಒಂದು ಸಪೂರ ಗೆರೆ ತೋರಿಸುತ್ತಿತ್ತು, ಅಳಿವೆಯ ಮೇಲೂ ಆ ಗೆರೆ ತುಂಡಾಗಿರಲಿಲ್ಲ. ಎದುರಿಗೆ ಮರಳಿನ ದಿಣ್ಣೆ, ನಡುವೆ ಇಪ್ಪತ್ತು ಅಡಿ ಅಗಲದ ನೀರು, ತಿಳಿಯಾಗಿ ತಳ ಕಾಣುವಷ್ಟು. ಸೈಕಲು ಹೆಗಲಿಗೆ ಹಾಕಿ ದಾಟಿದರೆ ಹತ್ತು ಕಿಲೋಮೀಟರ್ ಸುತ್ತು ಉಳಿಯುತ್ತದೆಂದು ಕಂಡಿತು. ದೋಣಿಯ ನೆರಳಲ್ಲಿ ಬಲೆ ಹೆಣೆಯುತ್ತಿದ್ದ ಅಜ್ಜ ತಲೆ ಎತ್ತಿದರು.

"ಎಲ್ಲಿಗೆ ಮಕ್ಕಳೇ?"

"ಆಚೆ ಬದಿಗೆ, ಅಜ್ಜ. ಮೊಣಕಾಲಷ್ಟೇ ನೀರಲ್ವಾ?"

"ಈಗ ಮೊಣಕಾಲು. ನೀರು ಇಳಿಯುವ ಹೊತ್ತು ಇದು. ನಡುವಿಗೆ ಹೋಗುವಾಗ ಹೊಳೆ ಎಳೀತದೆ. ಮರಳು ಕಾಲಡಿಯಿಂದ ಜಾರ್ತದೆ. ಮೊನ್ನೆ ಅಳಿವೆ ಅಲ್ಲಿತ್ತು, ಆ ಗಾಳಿಮರದ ಹತ್ತಿರ. ಈಗ ಇಲ್ಲಿಗೆ ಬಂದಿದೆ. ಇನ್ನೊಂದು ತಿಂಗಳಿಗೆ ಎಲ್ಲಿಗೋ."

"ಮತ್ತೆ ಮ್ಯಾಪಲ್ಲಿ ದಾರಿ ಉಂಟಲ್ಲ?"

"ಬೇಸಿಗೆಯಲ್ಲಿ ಉಂಟು. ಏಪ್ರಿಲಲ್ಲಿ ಕಡಲು ಮರಳು ತಂದು ಬಾಯಿ ಕಟ್ತದೆ. ಆಗ ಮಕ್ಕಳು ಚೆಂಡಾಡ್ತಾರೆ ಅಲ್ಲಿ. ಮಳೆ ಬಂದ ಕೂಡ್ಲೆ ಹೊಳೆ ಒಡೆದುಕೊಂಡು ಹೋಗ್ತದೆ. ನೀವು ಸಂಕದಲ್ಲೇ ಹೋಗಿ."

ಅಜ್ಜ ಹೇಳಿದ್ದರಲ್ಲಿ ಈ ಕರಾವಳಿಯ ಇಡೀ ನಕ್ಷೆ ಇದೆ. ಮಳೆಗಾಲದ ನೀರಿನ ರಭಸ ಇಳಿದ ಮೇಲೆ ಅಲೆಗಳು ತಂದ ಮರಳು ಅಳಿವೆಗೆ ಅಡ್ಡ ಕೂರುತ್ತದೆ. ಹೊಳೆ ಸಡಿಲ ಸಿಕ್ಕಿದ ಕಡೆಯಿಂದ ಹೊರಗೆ ಹೋಗುತ್ತದೆ. ಮೇಲಿನಿಂದ ತೆಗೆದ ಚಿತ್ರ ಬೇಸಿಗೆಯದ್ದಾಗಿದ್ದರೆ ಮ್ಯಾಪಿನಲ್ಲಿ ಅದು ನೆಲ. ಡಿಸೆಂಬರಿನಲ್ಲಿ ಅದು ನೀರು. ಹಾಗಾಗಿ ಮನೆಯಲ್ಲಿ ಕೂತು ದಾರಿ ಗುರುತಿಸುವಾಗ ಪ್ರತಿ ಹೊಳೆಗೂ ಸಂಕ ಎಲ್ಲಿದೆ ಎಂಬುದನ್ನು ಮೊದಲು ಹುಡುಕಿ ಚುಕ್ಕಿ ಹಾಕಿ. ಆಮೇಲೆ ಆ ಚುಕ್ಕಿಗಳ ನಡುವೆ ಕಡಲ ಬದಿಯ ದಾರಿ ಜೋಡಿಸಿ. ಇನ್ನೊಂದು ಗುರುತು: ಬೋರ್ಡಿನಲ್ಲಿ 'ಕಡಪ್ಪುರಂ' ಎಂದು ಕಂಡರೆ ಅದು ಕಡಲ ತೀರದ ಕೇರಿ. ಡಾಂಬರು ಅಲ್ಲೇ ಎಲ್ಲೋ ಮರಳಿಗೆ ಇಳಿಯುತ್ತದೆ. ಕಣ್ಣೂರಿನ ಮುಳಪ್ಪಿಲಂಗಾಡಿನ ಹಾಗೆ ತೀರದ ಮೇಲೇ ಗಾಡಿ ಓಡಿಸಬಹುದೆಂದು ಇಲ್ಲಿ ಎಣಿಸಬೇಡಿ, ಚಕ್ರ ಹೂತುಹೋಗುತ್ತದೆ.

ಕುಂಬಳೆ, ಮೊಗ್ರಾಲ್, ಕಾಸರಗೋಡು ಪೇಟೆ, ಮೊದಲ ರಾತ್ರಿ. ಪೇಟೆಯಲ್ಲಿ ವಸತಿಗೆ ತೊಂದರೆ ಇಲ್ಲ, ಸೈಕಲನ್ನು ಕೋಣೆಯೊಳಗೆ ಬಿಡುತ್ತಾರೆಯೇ ಎಂದು ಫೋನಿನಲ್ಲೇ ಕೇಳಿಕೊಂಡರಾಯಿತು. ಗೋಳಿಬಜೆ, ಬನ್ಸ್ ಇಲ್ಲಿಗೇ ತಿಂದು ಮುಗಿಸಿ. ಚಂದ್ರಗಿರಿ ದಾಟಿದ ಮೇಲೆ ಬೆಳಿಗ್ಗೆ ಪುಟ್ಟು ಕಡಲೆ. ಸೈಕಲ್ ತುಳಿಯುವವರ ಹೊಟ್ಟೆಗೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ, ಮಧ್ಯಾಹ್ನದವರೆಗೆ ಹಸಿವು ಬರುವುದಿಲ್ಲ.

ಚಂದ್ರಗಿರಿಯಿಂದ ಕಾಞಂಗಾಡಿಗೆ ಹೋಗುವ ರಾಜ್ಯ ಹೆದ್ದಾರಿ ಇಡೀ ಸವಾರಿಯ ಒಳ್ಳೆಯ ರಸ್ತೆ. ಸಂಕ ದಾಟಿದ ಕೂಡಲೇ ಮುರಕಲ್ಲಿನ ಗುಡ್ಡಗಳ ಏರಿಳಿತ, ಉದ್ದವಿಲ್ಲ, ಆದರೆ ಕಡಿದು. ಹೊಳೆಯ ಆಚೆ ಬದಿಯಲ್ಲಿ ಮಾತು ಮಲಯಾಳಕ್ಕೆ ತಿರುಗುತ್ತದೆ, 'ಸಂಕ' 'ಪಾಲಂ' ಆಗುತ್ತದೆ, ಗಾಳಿ ಹಾಕಿಸಲು 'ಕಾಟ್ಟ್' ಎನ್ನಬೇಕು. ಬೇಕಲ ಕೋಟೆಯ ಬಗ್ಗೆ ಬರೆಯದವರಿಲ್ಲ. ಇಕ್ಕೇರಿಯ ಶಿವಪ್ಪ ನಾಯಕನ ಕಾಲದ್ದು, ನಲವತ್ತು ಎಕರೆಗೆ ಹರಡಿದೆ. ರಜಾದಿನದ ಜನಜಂಗುಳಿಯಲ್ಲಿ ಅದು ಫೋಟೋ ತೆಗೆಯುವ ಜಾಗವಷ್ಟೇ. ಬೆಳಿಗ್ಗೆ ಬೇಗ ಹೋಗಿ, ಬುರುಜಿನ ಮೇಲೆ ನಿಂತು ತೆಂಕಿಗೆ ನೋಡಿದರೆ ಮರುದಿನ ಹೋಗಬೇಕಾದ ತೀರ ಮಂಜಿನಲ್ಲಿ ಕಾಣುತ್ತದೆ.

ಕಾಞಂಗಾಡ್ ಕಳೆದ ಮೇಲೆ ಆದದ್ದನ್ನು ಹೇಳಲೇಬೇಕು, ಈಗಲೂ ಹೊಟ್ಟೆ ಉರಿಯುತ್ತದೆ. ಹೊರಡುವ ಮುನ್ನ ಒಂದು ಸೈಕಲಿನ ಹಿಂದಿನ ಕ್ಯಾರಿಯರ್ ಬೋಲ್ಟನ್ನು ಅಂಗಡಿಯಲ್ಲಿ ಬದಲಿಸಿದ್ದರು. 15 ಮಿ.ಮೀ. ಉದ್ದದ ಎಂ5 (5 ಮಿ.ಮೀ. ದಪ್ಪದ) ಬೋಲ್ಟ್ ಇದ್ದಲ್ಲಿ 20ರದ್ದು ಹಾಕಿಬಿಟ್ಟಿದ್ದರು. ಹೊರಗಿನಿಂದ ನೋಡಿದರೆ ವ್ಯತ್ಯಾಸವಿಲ್ಲ. ಒಳಬದಿಯಲ್ಲಿ ತುದಿ ಐದು ಮಿ.ಮೀ. ಚಾಚಿಕೊಂಡಿತ್ತು. ಮೊದಲ ಎರಡು ದಿನ ಏರು, ತಿರುವುಗಳಲ್ಲಿ ದೊಡ್ಡ ಹಲ್ಲುಗಳೇ ಬಳಕೆಯಾಗಿದ್ದರಿಂದ ಗೊತ್ತಾಗಲಿಲ್ಲ. ಮೂರನೇ ದಿನ ಬೆನ್ನಿಗೆ ಗಾಳಿ ಸಿಕ್ಕಿ ಗೇರು ಕೊನೆಯ ಸಣ್ಣ ಹಲ್ಲಿಗೆ ಬಿದ್ದ ಕ್ಷಣ ಚೈನು ಬೋಲ್ಟಿನ ತುದಿಗೆ ಸಿಕ್ಕಿಹಾಕಿಕೊಂಡು ಹಿಂದಿನ ಚಕ್ರ ಗಕ್ಕನೆ ನಿಂತಿತು. ಬಿದ್ದವರ ಮೊಣಕೈ ತರಚಿತು, ಗೇರು ಬದಲಿಸುವ ಡಿರೇಲರನ್ನು ಫ್ರೇಮಿಗೆ ಕಟ್ಟುವ ಹ್ಯಾಂಗರ್ ಬಾಗಿತು. ಪರಿಹಾರ ಎರಡು ವಾಷರ್: ಬೋಲ್ಟಿನ ತಲೆಯಡಿಗೆ ಅವನ್ನು ಹಾಕಿದಾಗ ತುದಿ ಹಿಂದಕ್ಕೆ ಸರಿಯಿತು. ಹೊರಡುವ ಮುನ್ನ ಸೈಕಲನ್ನು ಎತ್ತಿ ಹಿಡಿದು ಪೆಡಲ್ ತಿರುಗಿಸುತ್ತಾ ಎಲ್ಲ ಗೇರುಗಳಿಗೂ ಚೈನು ಹಾಕಿ ನೋಡಿ, ಸಾಮಾನಿನ ಚೀಲ ಕಟ್ಟಿದ ಮೇಲೆ ಇನ್ನೊಮ್ಮೆ ನೋಡಿ. ಇಂಟರ್‌ಲಾಕ್ ರಸ್ತೆಯ ನಡುಕಕ್ಕೆ ಬೋಲ್ಟು ಸಡಿಲವಾಗುವುದರಿಂದ ದಿನಕ್ಕೊಮ್ಮೆ 4 ಮಿ.ಮೀ. ಅಲೆನ್ ಕೀಯಿಂದ ಬಿಗಿ ಪರೀಕ್ಷಿಸಿ. ಬಿಡಿ ಎಂ5 ಬೋಲ್ಟ್ ನಾಲ್ಕು, ವಾಷರ್ ಎಂಟು, ನಿಮ್ಮ ಸೈಕಲಿಗೇ ಹೊಂದುವ ಹ್ಯಾಂಗರ್ ಒಂದು ಚೀಲದಲ್ಲಿರಲಿ. ಹ್ಯಾಂಗರ್ ಒಂದೊಂದು ಫ್ರೇಮಿಗೆ ಒಂದೊಂದು ಬಗೆ, ದಾರಿಯಲ್ಲಿ ಸಿಗುವುದಿಲ್ಲ.

ಇಷ್ಟೆಲ್ಲ ಪಾಡು ಯಾತಕ್ಕೆ ಎಂದರೆ ವಲಿಯಪರಂಬಕ್ಕಾಗಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಕವ್ವಾಯಿ ಹಿನ್ನೀರು, ನಡುವೆ ಸುಮಾರು 24 ಕಿಲೋಮೀಟರ್ ಉದ್ದದ ನೆಲದ ಪಟ್ಟಿ. ಕೆಲವೆಡೆ ಅದರ ಅಗಲ ಒಂದು ತೆಂಗಿನ ತೋಟದಷ್ಟೇ. ಎಡಗಡೆಯಲ್ಲಿ ಅಲುಗಾಡದ ನೀರು, ಬಲಗಡೆ ತೆಂಗಿನ ಸಾಲಿನಾಚೆ ಅಲೆಯ ಸದ್ದು. ಏರಿಲ್ಲ, ಲಾರಿಯಿಲ್ಲ. ಗಂಟೆಗೆ ಹನ್ನೆರಡು ಕಿಲೋಮೀಟರಿಗಿಂತ ವೇಗವಾಗಿ ಹೋಗಲು ಮನಸ್ಸೇ ಬರುವುದಿಲ್ಲ.

ಹಿನ್ನೀರಿನ ದಡದಲ್ಲಿ ಒಂದು ಮನೆಯ ಅಂಗಳದಲ್ಲಿ ಆರೇಳು ಹೆಂಗಸರು ಕೂತು ಹಗ್ಗಕ್ಕೆ ಬಟ್ಟೆ ಹೊಲಿಯುತ್ತಿದ್ದರು. ಪಕ್ಕದಲ್ಲಿ ಗೋಣಿ ತುಂಬ ಹೆಬ್ಬೆರಳ ಉಗುರಿನಷ್ಟು ದೊಡ್ಡ ಕಲ್ಲುಮ್ಮಕ್ಕಾಯಿ, ನಮ್ಮ ಕಡೆ ಪಚ್ಚಿಲೆ ಎನ್ನುವ, ತಿನ್ನುವ ಚಿಪ್ಪುಜೀವಿ. ಕಡಲ ಬಂಡೆಗಳಿಂದ ಕಿತ್ತು ತಂದ ಮರಿಗಳು. ಹಗ್ಗದ ಸುತ್ತ ಆ ಮರಿಗಳನ್ನು ಒಂದೇ ಸಮನಾಗಿ ಹರಡಿ, ಮೇಲೆ ತೆಳು ಹತ್ತಿ ಬಟ್ಟೆ ಸುತ್ತಿ, ದೊಡ್ಡ ದೊಡ್ಡ ಹೊಲಿಗೆ ಹಾಕುತ್ತಾರೆ. ಮೀಟರ್ ಹಗ್ಗಕ್ಕೆ ಒಂದು, ಒಂದೂವರೆ ಕಿಲೋ ಮರಿ. ಹೊಲಿದ ಹಗ್ಗ ಮುಂಗೈಗಾತ್ರದ ಸಾಸೇಜಿನ ಹಾಗೆ ಉಬ್ಬಿಕೊಂಡು ಮಲಗಿತ್ತು, ಒಳಗಿನಿಂದ ಟಿಕ್ ಟಿಕ್ ಎಂದು ಚಿಪ್ಪುಗಳ ಸದ್ದು.

"ಚೇಚಿ, ನೈಲಾನ್ ಬಲೆ ಸುತ್ತಿದರೆ ಗಟ್ಟಿಯಲ್ವಾ? ಈ ಬಟ್ಟೆ ನೀರಲ್ಲಿ ಎಷ್ಟು ದಿನ ಬಾಳ್ತದೆ?" ಮಲಯಾಳದಲ್ಲೇ ಕೇಳಿದ್ದು, ಚೇಚಿ ಎಂದರೆ ಅಕ್ಕ.

ಹಿರಿಯಾಕೆ ಸೂಜಿ ನಿಲ್ಲಿಸಲಿಲ್ಲ. "ಬಾಳಬಾರದು ಮೋನೇ. ಕೊಳೆತು ಹೋಗಬೇಕು. ಅಷ್ಟರಲ್ಲಿ ಕಾಯಿ ನಾರು ಬಿಟ್ಟು ಹಗ್ಗಕ್ಕೆ ಅಂಟಿಕೊಳ್ತದೆ. ಬಟ್ಟೆ ದಪ್ಪ ಆದ್ರೆ ಒಳಗೇ ಸಾಯ್ತದೆ. ತೀರಾ ತೆಳು ಆದ್ರೆ ಅಂಟುವ ಮೊದಲೇ ಉದುರ್ತದೆ."

"ತೆಗೆಯುವುದು ಯಾವಾಗ?"

"ಮಳೆಗೆ ಮುಂಚೆ. ಏಪ್ರಿಲ್, ಮೇ. ಹೊಳೆಯ ಸಿಹಿನೀರು ನುಗ್ಗಿದ್ರೆ ಒಂದೂ ಉಳಿಯುವುದಿಲ್ಲ. ಈಗ ನೀರು ಉಪ್ಪಾಗಿದೆ, ಅದಕ್ಕೇ ಈಗ ಬಿತ್ತನೆ."

ಬಡಗಿನ ಅಳಿವೆಯಲ್ಲಿ ಅಜ್ಜ ಹೇಳಿದ ಪಂಚಾಂಗವೇ ಇಲ್ಲಿ ಚೇಚಿಯ ಬಾಯಲ್ಲಿ. ಹೊಳೆಯ ರಭಸ ಇಳಿದಾಗ ಅಲ್ಲಿ ಮರಳು ಕಟ್ಟುತ್ತದೆ, ಇಲ್ಲಿ ಉಪ್ಪುನೀರು ಒಳಗೆ ಏರುತ್ತದೆ. ಸೈಕಲಿಗೆ ಒಗ್ಗುವ ತಿಂಗಳುಗಳೂ ಇವೇ. ಹಗ್ಗಗಳನ್ನು ದೋಣಿಯಲ್ಲಿ ಒಯ್ದು, ನೀರಲ್ಲಿ ನೆಟ್ಟ ಬಿದಿರಿನ ಚಪ್ಪರಕ್ಕೆ ಕಟ್ಟುತ್ತಾರೆ. ಇಳಿತದಲ್ಲೂ ಹಗ್ಗದ ತುದಿ ಕೆಸರಿಗೆ ತಾಗಬಾರದು, ತಾಗಿದರೆ ಕಾಯಿ ಸಾಯುತ್ತದೆ, ಅದಕ್ಕಾಗಿ ಒಂದೊಂದು ಕಡೆಯ ಆಳ ಅಳೆದು ಹಗ್ಗ ಕತ್ತರಿಸುತ್ತಾರೆ. ಅಲ್ಲಿ ಒಂದು ಗಂಟೆ ಕೂರುವ ಲೆಕ್ಕವಿತ್ತು, ನಾಲ್ಕು ಗಂಟೆ ಕಳೆಯಿತು. ವಲಿಯಪರಂಬಕ್ಕೆ ಒಂದು ಪೂರ್ತಿ ದಿನ ಇಡಿ. ಬೇಕಿದ್ದರೆ ಬೇಕಲದಲ್ಲಿ ಕಡಿಮೆ ಮಾಡಿ.

ದ್ವೀಪದಿಂದ ಹೊರಗೆ ಬರಲು ಸಂಕದ ದಾರಿ ಉಂಟು. ತೃಕ್ಕರಿಪುರದ ಆಯಿಟ್ಟಿ ಕಡವಿಗೆ ಜಲಸಾರಿಗೆ ದೋಣಿಗಳೂ ಬರುತ್ತವೆ. ಸೈಕಲು ಹತ್ತಿಸಲು ಬಿಡುತ್ತಾರೆಯೇ, ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಹಿಂದಿನ ದಿನವೇ ಕಡವಿನಲ್ಲಿ ಕೇಳಿಕೊಳ್ಳಿ. ಮರಳುವಾಗ ರೈಲಿನ ಆಸೆಯಿದ್ದರೆ, ಎರಡು ನಿಮಿಷ ನಿಲ್ಲುವ ಸಣ್ಣ ನಿಲ್ದಾಣದಲ್ಲಿ ಸೈಕಲು ಹತ್ತಿಸುವ ಸಾಹಸ ಬೇಡ. ಪಾರ್ಸೆಲ್ ಕೆಲಸ ನಡೆಯುವ ದೊಡ್ಡ ನಿಲ್ದಾಣಕ್ಕೆ ಹೋಗಿ, ಟಿಕೆಟ್ ತೋರಿಸಿ ಲಗೇಜ್ ಎಂದು ಬುಕ್ ಮಾಡಿಸಿದರೆ ಬ್ರೇಕ್ ವ್ಯಾನಿನಲ್ಲಿ ಬರುತ್ತದೆ. ಪಂಪು, ದೀಪ, ಮೀಟರು ಕಳಚಿ ಇಟ್ಟುಕೊಳ್ಳಿ. ಡಿರೇಲರಿಗೆ ರಟ್ಟು ಕಟ್ಟಿ, ಹೆಸರು ಮತ್ತು ಎರಡೂ ನಿಲ್ದಾಣಗಳನ್ನು ಬರೆದ ಬಟ್ಟೆಯ ತುಂಡನ್ನು ಫ್ರೇಮಿಗೇ ಹೊಲಿದುಬಿಡಿ. ಕಾಗದದ ಚೀಟಿ ಹರಿದುಹೋಗುತ್ತದೆ.