“ಊರೆಲ್ಲಿ?” ಎಂದು ಕೇಳುವವರಿಗೆ

ವಿಚಿಟಾದಲ್ಲಿರುವ ನಮ್ಮ ಮನೆಗೆ ಗದಗದ ಕಡೆಯಿಂದ ಯಾರೇ ಬರಲಿ, ಒಂದು ಶನಿವಾರ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಕ್ಯಾನ್ಸಸ್ ರಾಜ್ಯದ ವಾಯವ್ಯಕ್ಕೆ ಹೊರಡುವುದು ನನ್ನ ರೂಢಿ. ಹತ್ತಿರ ಹತ್ತಿರ ನಾಲ್ಕು ಗಂಟೆಯ ದಾರಿ. ಸಲೈನಾ ದಾಟಿ, ಹೇಸ್‌ನಲ್ಲಿ ಬಡಗಣಕ್ಕೆ ಹೊರಳಿ, ಸ್ಟಾಕ್‌ಟನ್‌ನಿಂದ ಎಡಕ್ಕೆ 24ನೆಯ ಹೆದ್ದಾರಿ ಹಿಡಿದರೆ ಕಪ್ಪು ಜನ ಕಟ್ಟಿದ ಹಳೆಯ ಊರು ನಿಕೋಡೆಮಸ್. ಕಾರು ನಿಲ್ಲಿಸಿ ಬಾಗಿಲು ತೆಗೆದ ಕೂಡಲೇ ಪ್ರಶ್ನೆ ಬಂದೇ ಬರುತ್ತದೆ. ಹೋದ ಬೇಸಗೆಯಲ್ಲಿ ಕೇಳಿದವರು ನನ್ನ ಸೋದರಮಾವ. ಗಾಳಿಗೆ ಹಾರುತ್ತಿದ್ದ ಟವಲನ್ನು ಹೆಗಲಿಗೆ ಬಿಗಿದುಕೊಂಡು, ನಾಲ್ಕೂ ದಿಕ್ಕಿಗೆ ಕಣ್ಣಾಡಿಸಿ, “ಅಲ್ಲಪ್ಪಾ, ಊರೆಲ್ಲಿ?” ಎಂದರು.

ಅವರನ್ನು ಆಡಿಕೊಳ್ಳುವಂತಿಲ್ಲ. 2020ರ ಜನಗಣತಿಯಲ್ಲಿ ಇಲ್ಲಿ ಲೆಕ್ಕಕ್ಕೆ ಸಿಕ್ಕವರು 14 ಮಂದಿ. ಅಂಗಡಿಬೀದಿ ಇಲ್ಲ. ಅಂಚೆ ಕಚೇರಿ 1953ರಲ್ಲೇ ಮುಚ್ಚಿತು. ಅದೂ ಅಲ್ಲದೆ ಈ ಪ್ರಶ್ನೆ ಮಾವನದೇನೂ ಅಲ್ಲ. 1878ರಲ್ಲಿ ಕೆಂಟಕಿಯಿಂದ ಬಂದ ವಿಲಿಯಾನಾ ಹಿಕ್‌ಮನ್ ಎಂಬ ಹೆಣ್ಣುಮಗಳು ಇದೇ ಜಾಗದಲ್ಲಿ ನಿಂತು ಇದನ್ನೇ ಕೇಳಿದ್ದರು. ನಿಕೋಡೆಮಸ್ ಬಂತು ಎಂದು ಗಂಡಸರು ಕೂಗಿದರಂತೆ. ಎಲ್ಲಿದೆ, ಕಾಣುತ್ತಿಲ್ಲವಲ್ಲ ಎಂದಾಗ ನೆಲದೊಳಗಿಂದ ಅಲ್ಲಲ್ಲಿ ಮೇಲೇಳುತ್ತಿದ್ದ ಹೊಗೆಯನ್ನು ತೋರಿಸಿ, ಅದೇ ನಿಕೋಡೆಮಸ್ ಎಂದರು. ತಾನು ಅಳತೊಡಗಿದೆ ಎಂದು ಆಕೆ ಮುಂದೆ ನೆನಪಿಸಿಕೊಂಡಿದ್ದಾರೆ.

ಹೊಗೆ ಯಾಕೆ ನೆಲದಿಂದ ಬರುತ್ತಿತ್ತು ಎಂದರೆ ಮನೆಗಳೇ ನೆಲದೊಳಗಿದ್ದವು. ಇದು ಮರವಿಲ್ಲದ ಹುಲ್ಲುಗಾವಲು. ದೂರದಲ್ಲಿ ಸಾಲೊಮನ್ ನದಿಯ ದಂಡೆಗುಂಟ ಒಂದಿಷ್ಟು ಹಸಿರು ಬಿಟ್ಟರೆ ಕಣ್ಣಿಗೆ ಆಸರೆಯಿಲ್ಲ. ಕಟ್ಟಿಗೆ ಇಲ್ಲದ ಮೇಲೆ ಮನೆ ಕಟ್ಟುವುದೆಲ್ಲಿ? ದಿಬ್ಬವನ್ನು ಅಗೆದು ಹಗೇವಿನಂಥ ಗುಂಡಿ ಮಾಡಿ, ಮೇಲೆ ಹುಲ್ಲುಬೇರು ಹಿಡಿದ ಮಣ್ಣಿನ ಹೆಂಟೆ ಮುಚ್ಚಿ ಒಳಗೆ ಇರುತ್ತಿದ್ದರು. ಒಲೆಗೆ ಸೂರ್ಯಕಾಂತಿಯ ದಂಟು, ಕಾಡೆಮ್ಮೆಯ ಒಣಗಿದ ಸಗಣಿ. ಇಷ್ಟು ಹೇಳಿದಾಗ ಮಾವನ ಮುಖ ಮೊದಲ ಸಲ ಅರಳಿತು. “ಕುಳ್ಳಿನ ಹೊಗೆ ಅನ್ನು, ಹಾಗಾದರೆ ಗೊತ್ತಾಯಿತು” ಎಂದರು.

ಹಾಗೆ ಬಂದವರು ಯಾರು? ಹನ್ನೆರಡು ವರ್ಷದ ಹಿಂದೆ ಗುಲಾಮರಾಗಿದ್ದವರು. ಗುಲಾಮಗಿರಿ 1865ರಲ್ಲಿ ಕಾನೂನಿನಲ್ಲಿ ಕೊನೆಗೊಂಡಿತು, ಆದರೆ ಭೂಮಿ ಹಳೆಯ ಒಡೆಯರ ಕೈಯಲ್ಲೇ ಉಳಿಯಿತು. ದಕ್ಷಿಣದಲ್ಲಿ ಅವರ ರಕ್ಷಣೆಗಿದ್ದ ಕೇಂದ್ರದ ಸೈನ್ಯವೂ 1877ರಲ್ಲಿ ಹಿಂದೆ ಸರಿಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಆರು ಕಪ್ಪು ಜನ, ಡಬ್ಲ್ಯು. ಆರ್. ಹಿಲ್ ಎಂಬ ಒಬ್ಬ ಬಿಳಿಯ ಸೇರಿ ನಿಕೋಡೆಮಸ್ ಟೌನ್ ಕಂಪನಿ ಕಟ್ಟಿದರು. 1862ರ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ ಐದು ವರ್ಷ ನೆಲೆಸಿ ಉತ್ತವರಿಗೆ 160 ಎಕರೆ ಸ್ವಂತವಾಗುತ್ತಿತ್ತು. ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಕರಪತ್ರ ಹಂಚಿದರು: ಸೆಪ್ಟೆಂಬರ್ 5ರಂದು ಕ್ಯಾನ್ಸಸ್‌ಗೆ ಹೋಗಬಯಸುವ ಕಪ್ಪು ಜನ ಐದು ಡಾಲರ್ ಕೊಟ್ಟರೆ ಹೋಗಬಹುದು. ಸುಮಾರು ಮುನ್ನೂರು ಮಂದಿ ಹೊರಟರು. ಎಲಿಸ್‌ವರೆಗೆ ರೈಲು, ಅಲ್ಲಿಂದಾಚೆ ಎರಡು ದಿನದ ನಡಿಗೆ. ಬಂದು ನೋಡಿದರೆ ಕರಪತ್ರದಲ್ಲಿದ್ದ ಊರಿಲ್ಲ. ಹಿಲ್ ಮೇಲೆ ಜನ ಸಿಟ್ಟಿಗೆದ್ದದ್ದು ಸಹಜ. ಹಲವರು ಬಂದ ದಾರಿಯಲ್ಲೇ ಹಿಂದಿರುಗಿದರು. ಜಮೀನು ದಲ್ಲಾಳಿಗಳ ಜಾಹೀರಾತು ಅಂದಿಗೂ ಇಂದಿಗೂ ಒಂದೇ ಶೈಲಿಯಲ್ಲಿರುತ್ತದೆ, ಬಿಡಿ.

ಉಳಿದವರ ಮೊದಲ ಚಳಿಗಾಲವನ್ನು ದಾಟಿಸಿದ್ದು ಬೇಟೆ ಮುಗಿಸಿ ಆ ಕಡೆ ಬಂದ ಓಸೇಜ್ ಮೂಲನಿವಾಸಿಗಳು ಕೊಟ್ಟ ಮಾಂಸ. ಸ್ವಂತ ನೆಲವನ್ನು ಸರ್ಕಾರಕ್ಕೆ ಕಳೆದುಕೊಂಡಿದ್ದವರು, ಸ್ವಂತ ನೆಲವನ್ನೇ ಕಾಣದವರಿಗೆ ಊಟ ಕೊಟ್ಟರು. ಮಾರನೆಯ ವರ್ಷ ಊರಲ್ಲಿ ಕುದುರೆ ಬೆರಳೆಣಿಕೆಯಷ್ಟು. ಹೆಚ್ಚಿನವರು ಹುಲ್ಲು ಬೇರೂರಿದ ನೆಲವನ್ನು ಗುದ್ದಲಿಯಲ್ಲಿ ಅಗೆದೇ ಬಿತ್ತಿದರು.

ಭೂಗೋಳದ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅಮೆರಿಕದ ನಕ್ಷೆಯಲ್ಲಿ ನೂರನೆಯ ರೇಖಾಂಶವನ್ನು ಒಣ ಪಶ್ಚಿಮದ ಹೊಸ್ತಿಲು ಎನ್ನುತ್ತಾರೆ. ಅದರ ಆಚೆ ವರ್ಷಕ್ಕೆ ಇಪ್ಪತ್ತು ಇಂಚಿಗಿಂತ ಕಡಿಮೆ ಮಳೆ. ನಿಕೋಡೆಮಸ್ ಇರುವುದು ಆ ಗೆರೆಗೆ ತುಸು ಪೂರ್ವಕ್ಕೆ, ಅಂದರೆ ಹೊಸ್ತಿಲ ಮೇಲೆಯೇ. ಮಳೆ ಬಂದ ವರ್ಷ ಪೂರ್ವ, ಬಾರದ ವರ್ಷ ಪಶ್ಚಿಮ. ಹಾಗಾಗಿ ಇಲ್ಲಿ ಗೋಧಿಯ ಜೊತೆಗೆ ಜೋಳ ಬೆಳೆಯುತ್ತಾರೆ. ಮೆಕ್ಕೆಜೋಳವಲ್ಲ, ನಮ್ಮ ರೊಟ್ಟಿಯ ಜೋಳ. ಅಮೆರಿಕದಲ್ಲಿ ಅತಿ ಹೆಚ್ಚು ಜೋಳ ಬೆಳೆಯುವ ರಾಜ್ಯ ಕ್ಯಾನ್ಸಸ್. ಒಂದು ಸೆಪ್ಟೆಂಬರ್‌ನಲ್ಲಿ ಹೊಲದಂಚಿಗೆ ಹೋಗಿ ನೋಡಿದೆ: ಪೈರು ನನ್ನ ಸೊಂಟದ ಎತ್ತರ, ತೆನೆ ಮುಷ್ಟಿ ತುಂಬುವಷ್ಟು ಗಿಡ್ಡ, ಕಾಳು ಇಟ್ಟಿಗೆಯ ಬಣ್ಣ. ಯಂತ್ರಕ್ಕೆ ಸಿಗಲೆಂದು ಕುಳ್ಳಗಾಗಿಸಿದ ತಳಿ. ಕಾಳನ್ನು ಹಲ್ಲಿನಲ್ಲಿ ಒಡೆದರೆ ರುಚಿ ಮಾತ್ರ ಅದೇ. ಇದರ ಬಹುಪಾಲು ದನಗಳ ಮೇವಿಗೂ ಎಥನಾಲ್‌ಗೂ ಹೋಗುತ್ತದೆ ಎಂದು ಮನೆಯಲ್ಲಿ ಹೇಳಿದಾಗ ಅಮ್ಮ ಮೌನವಾದರು.

1880ರ ದಶಕದಲ್ಲಿ ಮಳೆ ಕೈಹಿಡಿಯಿತು. ಚರ್ಚುಗಳು, ಹೋಟೆಲು, ಅಂಗಡಿಗಳು ಬಂದವು. ವೆಸ್ಟರ್ನ್ ಸೈಕ್ಲೋನ್, ನಿಕೋಡೆಮಸ್ ಎಂಟರ್‌ಪ್ರೈಸ್ ಎಂಬ ಎರಡು ಪತ್ರಿಕೆಗಳು ನಡೆದವು. 1878ರಲ್ಲಿ ಬಂದು ಇಲ್ಲಿ ನೆಲೆಸಿದ್ದ ಎಡ್ವರ್ಡ್ ಮೆಕ್‌ಕೇಬ್ 1882ರಲ್ಲಿ ರಾಜ್ಯದ ಲೆಕ್ಕಪರಿಶೋಧಕನಾಗಿ ಚುನಾಯಿತನಾದ. ಆ ಕಾಲದಲ್ಲಿ ಒಬ್ಬ ಕಪ್ಪು ಮನುಷ್ಯನಿಗೆ ಇಡೀ ರಾಜ್ಯದ ಮತ ಬೀಳುವುದೆಂದರೆ ಸಣ್ಣ ಮಾತಲ್ಲ.

ಇನ್ನು ರೈಲು. ಅದು ಬಾರದ್ದರಿಂದ ಊರು ಸತ್ತಿತು ಎಂಬುದು ಎಲ್ಲರ ಬಾಯಲ್ಲಿರುವ ಕಥೆ. ಮಿಸೂರಿ ಪೆಸಿಫಿಕ್ ಕಂಪನಿ ತಮ್ಮೂರ ಮೇಲೆ ಹಳಿ ಹಾಕಲಿ ಎಂದು ಜನ 16,000 ಡಾಲರ್ ಸಾಲ ಎತ್ತುವ ಬಾಂಡ್‌ಗೆ ಮತ ಹಾಕಿದ್ದರು. ಕಂಪನಿ ಕೈಕೊಟ್ಟಿತು. 1888ರಲ್ಲಿ ಯೂನಿಯನ್ ಪೆಸಿಫಿಕ್‌ನ ಹಳಿ ಬಂದದ್ದು ನದಿಯ ಆಚೆ ದಡದಲ್ಲಿ. ಅಲ್ಲಿ ಕೆಲಸಗಾರರ ಬಿಡಾರವಿದ್ದ ಜಾಗವೇ ಬೋಗ್ ಎಂಬ ಊರಾಯಿತು. ನಿಕೋಡೆಮಸ್‌ನ ವ್ಯಾಪಾರಿಗಳು ಅಂಗಡಿ ಕಿತ್ತುಕೊಂಡು ಅಲ್ಲಿಗೆ ನಡೆದರು. ಇದೆಲ್ಲ ನಿಜ. ಆದರೆ ರೈಲು ಸಿಕ್ಕ ಬೋಗ್ ಏನಾಯಿತು ನೋಡಿ: ಇಂದು ಅಲ್ಲಿಯೂ ನೂರೈವತ್ತರ ಆಸುಪಾಸು ಜನ. ಎರಡೂ ಊರು ಸೇರಿದ ಇಡೀ ಗ್ರಹಾಂ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, 1910ರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನರಿದ್ದರು, ಈಗ ಎರಡೂವರೆ ಸಾವಿರವೂ ಇಲ್ಲ. ಮೂವತ್ತರ ದಶಕದ ಧೂಳುಬಿರುಗಾಳಿ ಒಂದಿಷ್ಟು ಜನರನ್ನು ಓಡಿಸಿತು. ನೂರು ಕೈಗಳ ಕೆಲಸವನ್ನು ಒಂದು ಟ್ರ್ಯಾಕ್ಟರ್ ಮಾಡತೊಡಗಿದ್ದು ಉಳಿದವರನ್ನು ಕಳಿಸಿತು. ರೈಲು ಬಂದಿದ್ದರೆ ನಿಕೋಡೆಮಸ್ ಇನ್ನೊಂದು ಬೋಗ್ ಆಗಿರುತ್ತಿತ್ತು, ಅಷ್ಟೆ.

ಮಾವನಿಗೆ ಐದು ಕಟ್ಟಡ ತೋರಿಸಿದೆ. 1939ರ ಸುಣ್ಣಕಲ್ಲಿನ ಟೌನ್‌ಶಿಪ್ ಹಾಲ್, ಎರಡು ಹಳೆಯ ಚರ್ಚು, 1918ರ ಶಾಲೆ, ಫ್ಲೆಚರ್ ದಂಪತಿಯ ಸೇಂಟ್ ಫ್ರಾನ್ಸಿಸ್ ಹೋಟೆಲು. 1996ರಿಂದ ಇದು ರಾಷ್ಟ್ರೀಯ ಐತಿಹಾಸಿಕ ತಾಣ. ಎಲ್ಲ ನೋಡಿಯೂ ಅವರು ಕಾರಿನಲ್ಲಿ, “ಗುಡಿ ಇದೆ, ಜನವಿಲ್ಲ” ಎಂದರು. ನಾನು ವಾದಿಸಲಿಲ್ಲ. ಜುಲೈ ಕೊನೆಯ ವಾರಾಂತ್ಯಕ್ಕೆ ಮತ್ತೆ ಕರೆತಂದೆ.

ಆ ವಾರಾಂತ್ಯ ಇಲ್ಲಿ ವಿಮೋಚನೆಯ ಹಬ್ಬ. 1834ರ ಆಗಸ್ಟ್ 1ರಂದು ಬ್ರಿಟಿಷ್ ಆಳ್ವಿಕೆಯ ವೆಸ್ಟ್ ಇಂಡೀಸ್‌ನ ಗುಲಾಮರಿಗೆ ಬಿಡುಗಡೆ ಸಿಕ್ಕಿದ ನೆನಪಿಗೆ, ಊರು ಹುಟ್ಟಿದ ಮರುವರ್ಷವೇ ಆರಂಭವಾದ ಆಚರಣೆ. ಊರು ಬಿಟ್ಟವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ದೇಶದ ಮೂಲೆಮೂಲೆಯಿಂದ ಬರುತ್ತಾರೆ. ಕಾರುಗಳ ನಂಬರ್ ಫಲಕ ಓದುತ್ತ ಹೋದೆ: ಕೊಲೊರಾಡೊ, ಕ್ಯಾಲಿಫೋರ್ನಿಯಾ, ಟೆಕ್ಸಸ್. ಹಾಲ್ ಮುಂದೆ ಗುಡಾರ, ಇದ್ದಿಲ ಮೇಲೆ ಮಾಂಸ, ಮಡಿಸುವ ಕುರ್ಚಿಗಳಲ್ಲಿ ಹಿರಿಯರು.

ಮಾವ ಬಿಸಿಲಿಗೆ ಅಂಜಿ ಗುಡಾರದ ನೆರಳಿಗೆ ಹೋದರು. ಎಂಬತ್ತು ದಾಟಿದಂತಿದ್ದ ಒಬ್ಬ ಅಜ್ಜಿ ಕುರ್ಚಿಯ ಮೇಲಿದ್ದ ಕೈಚೀಲ ತೆಗೆದು ಅವರಿಗೆ ಜಾಗ ಮಾಡಿಕೊಟ್ಟು, ಟವಲನ್ನೂ ಧೋತರವನ್ನೂ ಒಮ್ಮೆ ನೋಡಿ, ಅಲ್ಲಿ ಎಲ್ಲರನ್ನೂ ಕೇಳುವುದನ್ನೇ ಕೇಳಿದರು: ನೀವು ಯಾರ ಮನೆಯವರು? ನಾನು ಕನ್ನಡಕ್ಕೆ ತಿರುಗಿಸಿ ಹೇಳಿದೆ. ಮಾವ ನೆಟ್ಟಗೆ ಕೂತರು. ತಮ್ಮ ಹೆಸರು, ತಂದೆಯ ಹೆಸರು, ಮನೆತನದ ಹೆಸರು, ಮನೆ ಇರುವ ಓಣಿ, ಓಣಿಯ ಕೊನೆಗಿರುವ ಬಾವಿ, ಅದನ್ನು ತೋಡಿಸಿದ ಮುತ್ತಜ್ಜ, ಒಂದನ್ನೂ ಬಿಡಲಿಲ್ಲ. ಅಜ್ಜಿ ತಲೆಯಾಡಿಸುತ್ತ ಕೊನೆಯವರೆಗೆ ಕೇಳಿ, ಈಗ ಇಂಗ್ಲಿಷಿನಲ್ಲಿ ಹೇಳು ಎಂಬಂತೆ ನನ್ನ ಕಡೆ ನೋಡಿದರು.