ಲಕ್ಸರ್‌ನ ನೀಲಿ, ಎರಡು ಥರ

ಅತ್ತಿಗೆಯ ಬಿಳಿ ಕುರ್ತಾದ ಕತ್ತಿನ ಸುತ್ತ ನೀಲಿ ಬಣ್ಣ ಇಳಿದಿದ್ದನ್ನು ನಾನು ಮೊದಲು ನೋಡಿದ್ದು ಈಜಿಪ್ಟಿನ ಲಕ್ಸರ್ ಊರಿನ ಕರ್ನಾಕ್ ದೇವಸ್ಥಾನದ ಕಂಬಗಳ ಮಧ್ಯೆ. ಜನವರಿ ತಿಂಗಳಾದರೂ ಮಧ್ಯಾಹ್ನದ ಬಿಸಿಲಿಗೆ ಸಣ್ಣಗೆ ಬೆವರು ಬಂದಿತ್ತು. ಹಿಂದಿನ ಸಂಜೆ ಊರೊಳಗಿನ ಅಂಗಡಿಯೊಂದರಲ್ಲಿ ಕೊಂಡ ನೀಲಿ ಮಣಿ ಸರದ ಬಣ್ಣ ಅದು. "ಅಸಲಿ ಫಯಾನ್ಸ್ ಮೇಡಂ, ನಮ್ಮಜ್ಜನ ಕಾಲದ ಕಸುಬು, ಪೂರ್ತಿ ಕೈಕೆಲಸ" ಅಂತ ಅಂಗಡಿಯವನು ಆಣೆ ಮಾಡಿದ್ದ. ಫಯಾನ್ಸ್ ಅಂದರೆ ಹಳೆಯ ಈಜಿಪ್ಟಿನವರು ಭಟ್ಟಿಯಲ್ಲಿ ಸುಟ್ಟು ಮಾಡುತ್ತಿದ್ದ ಹೊಳಪಿನ ನೀಲಿ ವಸ್ತು. ಫರೋಗಳ ಕಾಲದ ವಿದ್ಯೆ ಒಂದು ಮಧ್ಯಾಹ್ನದ ಬೆವರಿಗೆ ಕರಗಿಹೋಯಿತು. ಸಂಜೆ ಸರ ಹಿಡಿದು ವಾಪಸ್ ಹೋದರೆ ಆ ಪುಣ್ಯಾತ್ಮ ಎಳ್ಳಷ್ಟೂ ನಾಚದೆ, "ಇಂಡಿಯನ್ ಊಟ ಅಲ್ವಾ, ನಿಮ್ಮ ಬೆವರಲ್ಲಿ ಖಾರ ಜಾಸ್ತಿ" ಅಂದ. ದುಡ್ಡು ಮಾತ್ರ ವಾಪಸ್ ಬರಲಿಲ್ಲ.

ಆ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಮೊದಲು ಇಷ್ಟು ಹೇಳಿಬಿಡುತ್ತೇನೆ. ಕೊಳ್ಳುವ ಮೊದಲು ಮಣಿಯನ್ನು ಕೆನ್ನೆಗೆ ಒತ್ತಿ ನೋಡಿ. ಸುಟ್ಟು ಮಾಡಿದ್ದಾದರೆ ತಣ್ಣಗಿರುತ್ತದೆ, ಪ್ಲಾಸ್ಟಿಕ್ಕಿನಂಥ ರೆಸಿನ್ ಆದರೆ ಬೇಗ ಬೆಚ್ಚಗಾಗುತ್ತದೆ, ಕೈಗೂ ಹಗುರ. ದಾರ ಪೋಣಿಸಿದ ತೂತಿನ ಒಳಗೆ ನೋಡಿ. ಬಣ್ಣ ಹೊಡೆದಿದ್ದರೆ ಅಲ್ಲಿ ಸಿಪ್ಪೆ ಎದ್ದಿರುತ್ತದೆ. ಒದ್ದೆ ಕರ್ಚೀಫಿನಲ್ಲಿ ಒಂದು ಸಲ ಉಜ್ಜಿ. ಉಜ್ಜಬೇಡಿ ಅಂತ ಅಂಗಡಿಯವನು ಕೈ ಹಿಡಿದರೆ ಸುಮ್ನೆ ಎದ್ದು ಬನ್ನಿ. ಚಹಾ ಕೊಟ್ಟಿದ್ದಾನೆ ಅನ್ನೋ ದಾಕ್ಷಿಣ್ಯ ಬೇಡ. ಆ ಚಹಾದ ದುಡ್ಡೂ ಸರದ ಬೆಲೆಯಲ್ಲೇ ಸೇರಿರುತ್ತದೆ.

ಕೈರೋ, ಪಿರಮಿಡ್, ಒಂಟೆ, ನೈಲ್ ನದಿಯ ಹಡಗು ಎಲ್ಲ ಆಯಿತು. ಹಡಗಿನ ಊಟ ಚೆನ್ನಾಗಿರಲಿಲ್ಲ, ಹಾಡು ಅದಕ್ಕಿಂತ ಕೆಟ್ಟದಿತ್ತು. ಅವುಗಳ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನನಗೆ ಬರೆಯಬೇಕು ಅನ್ನಿಸಿದ್ದು ನದಿಯ ಪಶ್ಚಿಮ ದಡದಲ್ಲಿ ಕಳೆದ ಒಂದು ಮಧ್ಯಾಹ್ನದ ಬಗ್ಗೆ.

ಲಕ್ಸರ್ ದೇವಸ್ಥಾನದ ಹತ್ತಿರದಿಂದ ಊರಿನ ಜನ ಓಡಾಡುವ ದೋಣಿ ಹೊರಡುತ್ತದೆ. ಸೈಕಲ್, ತರಕಾರಿ ಮೂಟೆ, ಶಾಲೆ ಮಕ್ಕಳು, ಎಲ್ಲರ ಜೊತೆ ನಾವೂ ಹತ್ತಿದೆವು. ಆಚೆ ದಡದಲ್ಲಿ ಡ್ರೈವರ್ ಹುಡುಗ ಕಾಯುತ್ತಿದ್ದ. "ಹಿಂದ್? ಅಮಿತಾಬ್ ಬಚ್ಚನ್!" ಅಂತಲೇ ಸ್ವಾಗತ. ಈಜಿಪ್ಟಿನಲ್ಲಿ ನಮಗೆ ಇದು ತಪ್ಪಿದ್ದಲ್ಲ. ದಾರಿಯಲ್ಲಿ ಅತ್ತಿಗೆ ಕುರ್ತಾ ಕಥೆ ಹೇಳಿದರು. ಅವನು ನಕ್ಕು, "ಸಂಜೆ ಒಂದು ಕಡೆ ಕರ್ಕೊಂಡು ಹೋಗ್ತೀನಿ" ಅಂದ. ಕಮಿಷನ್ ಗಿರಾಕಿ ಅಂತ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ರಾಜರ ಕಣಿವೆ ನೋಡಿದೆವು. ಟುಟಾಂಖಾಮನ್ ರಾಜನ ಸಮಾಧಿಗೆ ಬೇರೆ ಟಿಕೆಟ್, ಒಳಗೆ ಇಕ್ಕಟ್ಟು, ನನ್ನ ಮಟ್ಟಿಗೆ ಆ ದುಡ್ಡು ದಂಡ. ಕಾಲು ನಿಂತಿದ್ದು ದೇರ್ ಎಲ್ ಮದೀನಾದಲ್ಲಿ. ರಾಜರ ಸಮಾಧಿ ಕೊರೆದು ಬಣ್ಣ ಬಳಿದ ಕೆಲಸಗಾರರ ಊರು ಅದು. ಮನೆಗಳ ಪಾಯ ಇನ್ನೂ ಸಾಲಾಗಿ ಕಾಣುತ್ತದೆ. ಪಕ್ಕದ ಗುಡ್ಡದಲ್ಲಿ ಅವರು ತಮಗೂ ಸಮಾಧಿ ಮಾಡಿಕೊಂಡಿದ್ದಾರೆ. ಸೆನ್ನೆಜೆಮ್ ಅನ್ನುವವನದು 1886ರಲ್ಲಿ ಸಿಕ್ಕಿತು. ಬಗ್ಗಿ ಇಳಿದರೆ ಒಂದು ಪುಟ್ಟ ಕೋಣೆ. ಗೋಡೆ ಪೂರ್ತಿ ಚಿತ್ರ, ನಿನ್ನೆ ಬರೆದಂತಿದೆ. ಅವನೂ ಹೆಂಡತಿಯೂ ಪರಲೋಕದ ಗದ್ದೆಯಲ್ಲಿ ಉಳುತ್ತಿದ್ದಾರೆ, ಪೈರು ಕೊಯ್ಯುತ್ತಿದ್ದಾರೆ. ಚಿತ್ರಗಳಲ್ಲಿ ದೇವರ ಕತ್ತಿನಲ್ಲೂ ಮನುಷ್ಯರ ಕತ್ತಿನಲ್ಲೂ ಎದೆ ತುಂಬುವ ಅಗಲ ಕಂಠಾಭರಣ, ನೀಲಿ ಹಸಿರು ಮಣಿಗಳ ಸುತ್ತು ಸುತ್ತು.

ಇಂಥ ಸರಗಳನ್ನು ಕೈರೋ ಮ್ಯೂಸಿಯಂನಲ್ಲಿ ಗಾಜಿನ ಹಿಂದೆ ನೋಡಿದ್ದೆ. ಅಷ್ಟೇನೂ ಮನಸ್ಸಿಗೆ ತಾಗಿರಲಿಲ್ಲ. ಇಲ್ಲಿ ಉಳುವವರ ಕತ್ತಿನಲ್ಲಿ ನೋಡಿದ ಮೇಲೆ, ಇದನ್ನೆಲ್ಲ ಯಾರೋ ಕೂತು ಒಂದೊಂದೇ ಮಣಿ ಮಾಡಿ ಪೋಣಿಸಿದ್ದಾರಲ್ಲ ಅಂತ ಮೊದಲ ಸಲ ಅನ್ನಿಸಿತು.

ಅತ್ತಿಗೆಗೆ ಬೇರೆಯೇ ಹುಚ್ಚು ಹಿಡಿಯಿತು. ಅವರು ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ನಿವೃತ್ತರಾದವರು. ಹಳೆಯ ಈಜಿಪ್ಟಿನ ಬಸುರಿಯರು ತಾಯಿತವಾಗಿ ಕಟ್ಟಿಕೊಳ್ಳುತ್ತಿದ್ದದ್ದು ತವೆರೆತ್ ದೇವತೆಯನ್ನು. ನೀರಾನೆ ದೇಹ, ದೊಡ್ಡ ಹೊಟ್ಟೆ, ಸಿಂಹದ ಪಂಜ, ಬೆನ್ನ ಮೇಲೆ ಮೊಸಳೆ. ನಾಲಿಗೆ ಚಾಚಿದ ಕುಳ್ಳ ದೇವರು ಬೆಸ್ ಕೂಡ ಬಾಣಂತಿ ಮಗು ಕಾಯುವವನೇ. "ನೋಡು, ಇವಳು ನಮ್ಮ ವಾರ್ಡಿಗೆ ಬೇಕಾಗಿದ್ದ ಹೆಡ್ ನರ್ಸ್" ಅಂದರು ಅತ್ತಿಗೆ. ಕೊಂಡರೆ ತವೆರೆತ್ ತಾಯಿತವನ್ನೇ ಕೊಳ್ಳುವುದು ಅಂತ ಅಲ್ಲೇ ತೀರ್ಮಾನ.

ಡ್ರೈವರ್ ಕರೆದುಕೊಂಡು ಹೋಗಿದ್ದು ಮೆದಿನೆತ್ ಹಾಬು ದೇವಸ್ಥಾನದ ಹಿಂದಿನ ಓಣಿಗೆ. ಬೋರ್ಡ್ ಇಲ್ಲ, ಅಂಗಡಿಯೂ ಇಲ್ಲ. ಇಟ್ಟಿಗೆ ಗೋಡೆಯ ಮನೆ, ಅಂಗಳದಲ್ಲಿ ಕೋಳಿ, ಮೂಲೆಯಲ್ಲಿ ಕರೆಂಟಿನ ಭಟ್ಟಿ. ಅರವತ್ತರ ಆಸುಪಾಸಿನ ಹೆಂಗಸು ಕಪ್ಪು ಬಟ್ಟೆಯಲ್ಲಿ ನೆಲದ ಮೇಲೆ ಕೂತಿದ್ದರು. ಹುಡುಗ ಅವರನ್ನು ಖಾಲ್ತಿ ಅಂತ ಕರೆದ, ನಾವು ಚಿಕ್ಕಮ್ಮ ಅನ್ನುವ ಹಾಗೆ. ನಾವೂ ಹಾಗೇ ಕರೆದೆವು.

ಹಲಗೆಯ ಮೇಲೆ ಮಣಿ, ಉಂಗುರ, ಜೀರುಂಡೆ ತಾಯಿತ, ಕಣ್ಣಿನ ತಾಯಿತ, ಎಲ್ಲ ಒಣಗಲು ಇಟ್ಟಿದ್ದವು. ನೀಲಿ ಒಂದೂ ಇಲ್ಲ. ಎಲ್ಲದರ ಮೇಲೂ ಬೂಷ್ಟು ಹಿಡಿದ ಹಾಗೆ ಬೆಳ್ಳಗೆ ಏನೋ. ಅತ್ತಿಗೆ ಒಂದು ಕಣ್ಣನ್ನು ಎತ್ತಿಕೊಳ್ಳಲು ಕೈ ಚಾಚಿದ್ದೇ ತಡ, ಖಾಲ್ತಿ "ಲಾ! ಲಾ! ಲಾ!" ಅಂತ ಕೂಗಿದರು. ಕೋಳಿಗಳು ಕೂಡ ಬೆಚ್ಚಿದವು.

ಆಮೇಲೆ ತಾವೇ ನಗುತ್ತಾ, ಸುಟ್ಟ ಒಂದು ಜೀರುಂಡೆ ತಂದು ತೋರಿಸಿದರು. ಗಾಢ ನೀಲಿ, ಬೆನ್ನ ಮೇಲೆ ಮಾತ್ರ ಮಾಸಲು ಮಚ್ಚೆ. ಮೊಮ್ಮಗ ಬೆರಳಿಟ್ಟಿದ್ದನಂತೆ. ಬೆರಳು ತಾಗಿದ ಕಡೆ ನೀಲಿ ಬರುವುದಿಲ್ಲ.

ಅಲ್ಲಿಂದ ಶುರುವಾದ ಮಾತು ಕತ್ತಲಾಗುವ ತನಕ ನಡೆಯಿತು. ಖಾಲ್ತಿಯ ಅರಬ್ಬಿ, ಹುಡುಗನ ಹರುಕು ಇಂಗ್ಲಿಷ್, ಮಿಕ್ಕಿದ್ದು ಕೈಸನ್ನೆ. ನನಗೆ ತಿಳಿದಷ್ಟು ಹೇಳುತ್ತೇನೆ.

ಈ ಫಯಾನ್ಸ್ ಇದೆಯಲ್ಲ, ಇದು ಕುಂಬಾರರ ಮಣ್ಣಿನ ಕೆಲಸ ಅಲ್ಲವೇ ಅಲ್ಲ. ಇದರಲ್ಲಿ ಜೇಡಿಮಣ್ಣು ಇಲ್ಲ ಅಂದರೂ ಸರಿ. ನೂರಕ್ಕೆ 90ಕ್ಕೂ ಹೆಚ್ಚು ಪಾಲು ಬೆಣಚುಕಲ್ಲಿನ ಪುಡಿ ಇಲ್ಲವೇ ಮರಳಿನ ಪುಡಿ. ಜೊತೆಗೆ ಸ್ವಲ್ಪ ಸುಣ್ಣ, ಸ್ವಲ್ಪ ಸೋಡಾ, ಚಿಟಿಕೆ ತಾಮ್ರ. ಹಿಂದಿನವರು ಮರುಭೂಮಿಯ ಒಣಗಿದ ಕೆರೆಗಳಿಂದ ತಂದ ನೇಟ್ರಾನ್ ಉಪ್ಪು ಹಾಕುತ್ತಿದ್ದರು, ಇಲ್ಲವೇ ಗಿಡ ಸುಟ್ಟ ಬೂದಿ. ಖಾಲ್ತಿ ಅಂಗಡಿಯಿಂದ ಸೋಡಾ ಪೊಟ್ಟಣ ತರುತ್ತಾರೆ. ತಾಮ್ರದ ಪುಡಿಯೂ ಅಂಗಡಿಯದೇ. ನೀರು ಹಾಕಿ ಕಲೆಸಿ ನನ್ನ ಕೈಗೆ ಒಂದು ಮುದ್ದೆ ಕೊಟ್ಟರು. ವಿಚಿತ್ರ ವಸ್ತು. ಒತ್ತಿದರೆ ಮೆತ್ತಗಾಗಿ ಜಾರುತ್ತದೆ, ಬಿಟ್ಟರೆ ಗಟ್ಟಿ. ಸ್ವಲ್ಪ ಬಗ್ಗಿಸಿದರೆ ಸೀಳು ಬಿಡುತ್ತದೆ. ಮಡಕೆ ಮಾಡುವ ಹಾಗೆ ಇದನ್ನು ತಿಗರಿಯ ಮೇಲೆ ಎಳೆಯುವುದು ಕಷ್ಟ. ಅದಕ್ಕೇ ಅಚ್ಚು. ಸುಟ್ಟ ಮಣ್ಣಿನ ಪುಟ್ಟ ಅಚ್ಚಿಗೆ ಒತ್ತಿ ತೆಗೆಯುವುದು. ಮಣಿಯಾದರೆ ಹುಲ್ಲುಕಡ್ಡಿ ಸುತ್ತ ಮೆತ್ತುವುದು, ಬೆಂಕಿಯಲ್ಲಿ ಕಡ್ಡಿ ಸುಟ್ಟು ತೂತು ಉಳಿಯುತ್ತದೆ.

ಬಣ್ಣ ಹಚ್ಚುವ ಕೆಲಸವೇ ಇಲ್ಲ. ನಾನು ಕುಂಚ ಎಲ್ಲಿ ಅಂತ ಕೇಳಿದೆ. ಖಾಲ್ತಿ ಹಲಗೆಯ ಮೇಲಿನ ಬಿಳಿ ಬೂಷ್ಟು ತೋರಿಸಿದರು. ಹಳೆ ಮನೆಯ ಗೋಡೆಗೆ ಮಳೆಗಾಲ ಕಳೆದ ಮೇಲೆ ಉಪ್ಪು ಹೂತು ಬರುತ್ತದಲ್ಲ, ಅದೇ ಥರ. ಮಣಿ ಒಣಗುವಾಗ ಒಳಗಿನ ನೀರು ಹೊರಗೆ ಬರುತ್ತದೆ. ಬರುವಾಗ ಕರಗಿದ ಸೋಡಾವನ್ನೂ ತಾಮ್ರವನ್ನೂ ಹೊತ್ತು ತರುತ್ತದೆ. ನೀರು ಆರಿಹೋಗುತ್ತದೆ, ಉಪ್ಪು ಮೇಲೆ ಕೂರುತ್ತದೆ. ಭಟ್ಟಿಯಲ್ಲಿ 900 ಡಿಗ್ರಿಯ ಸುಮಾರಿಗೆ ಅದೇ ಉಪ್ಪು ಬೆಣಚಿನ ಜೊತೆ ಕರಗಿ ಗಾಜಾಗುತ್ತದೆ, ತಾಮ್ರ ನೀಲಿಯಾಗುತ್ತದೆ. ಹೊಳಪೂ ಬಣ್ಣವೂ ಒಳಗಿಂದ ತಾವಾಗಿಯೇ ಬಂದವು. ಮಾಡುವವರ ಕೆಲಸ ಅಂದರೆ ಒಣಗುವ ತನಕ ಕೈ ಕಟ್ಟಿಕೊಂಡು ಕೂರುವುದು. ಮುಟ್ಟಿದರೆ ಉಪ್ಪು ಉದುರಿತು, ನೀಲಿ ಹೋಯಿತು. ಭಟ್ಟಿಯೊಳಗೂ ಅಷ್ಟೇ. ಮಣಿಗಳನ್ನು ತಂತಿಗೆ ಪೋಣಿಸಿ ಒಂದಕ್ಕೊಂದು ತಾಗದ ಹಾಗೆ ತೂಗುಹಾಕುತ್ತಾರೆ. ತಾಗಿದವು ಅಂಟಿಕೊಂಡುಬಿಡುತ್ತವೆ.

ಇದನ್ನು ಆರು ಸಾವಿರ ವರ್ಷದ ಹಿಂದೆ ಕಂಡುಕೊಂಡರಲ್ಲ ಅಂತ ನನಗೆ ಮಾತೇ ಹೊರಡಲಿಲ್ಲ. ಸಿನಾಯ್‌ನಿಂದ ಪಚ್ಚೆನೀಲಿ ಕಲ್ಲು, ಈಗಿನ ಆಫ್ಘಾನಿಸ್ತಾನದ ಬೆಟ್ಟಗಳಿಂದ ಕಡುನೀಲಿ ಲ್ಯಾಪಿಸ್ ಕಲ್ಲು ತರಿಸುವುದು ಎಲ್ಲರ ಕೈಲಾಗುವ ಮಾತಲ್ಲ. ಕಾಲಡಿಯ ಮರಳಿನಿಂದ ಅದೇ ಬಣ್ಣ ತೆಗೆದರು. ಹಾಗಂತ ಬಡವರ ಪಾಲಿನ ನಕಲಿ ಅಂತಲೂ ಅಲ್ಲ. ಸಕ್ಕಾರಾದ ಮೆಟ್ಟಿಲು ಪಿರಮಿಡ್ಡಿನ ಅಡಿಯ ಕೋಣೆಗಳಿಗೆ ಜೋಸರ್ ರಾಜ ಸಾವಿರಾರು ಫಯಾನ್ಸ್ ಬಿಲ್ಲೆ ಹಾಕಿಸಿದ್ದಾನೆ. ನಮ್ಮ ಕಡೆ ಹರಪ್ಪಾದವರೂ ಫಯಾನ್ಸ್ ಬಳೆ, ಮಣಿ ಮಾಡುತ್ತಿದ್ದರು.

"ನಿಮಗೆ ಅಜ್ಜಿ ಕಲಿಸಿದ್ದಾ?" ಅಂತ ಅತ್ತಿಗೆ ಕೇಳಿದರು. ಹುಡುಗ ಅನುವಾದಿಸುವ ಮೊದಲೇ ಖಾಲ್ತಿಗೆ ಪ್ರಶ್ನೆ ಗೊತ್ತಾಯಿತು. ಎಲ್ಲರೂ ಅದನ್ನೇ ಕೇಳುತ್ತಾರಂತೆ. ಅಜ್ಜಿಗೆ ರೊಟ್ಟಿ ಸುಡುವುದು ಬಿಟ್ಟು ಏನೂ ಗೊತ್ತಿರಲಿಲ್ಲ ಅಂದರು. ಖಾಲ್ತಿಯ ಗಂಡ ಉತ್ಖನನದ ಕೂಲಿಯಾಗಿದ್ದರು. ಖಾಲ್ತಿ ಆ ವಿದೇಶಿ ತಂಡದವರ ಬಟ್ಟೆ ಒಗೆದು ಕೊಡುತ್ತಿದ್ದರು. ತಂಡದಲ್ಲಿ ಕುಂಬಾರಿಕೆ ಬಲ್ಲ ಒಬ್ಬ ಹೆಂಗಸು ಹಳೆಯ ಫಯಾನ್ಸ್ ಹೇಗಾಗುತ್ತಿತ್ತು ಅಂತ ಹಿತ್ತಲಲ್ಲಿ ಮಾಡಿ ನೋಡುತ್ತಿದ್ದರಂತೆ. ಇವರು ಪಕ್ಕದಲ್ಲಿ ಕೂತು ಕಲಿತರು. ತಂಡ ಹೋಯಿತು, ಕೆಲಸ ಉಳಿಯಿತು.

ನನಗೆ ಈ ಉತ್ತರ ತುಂಬಾ ಹಿಡಿಸಿತು. ಅಜ್ಜನ ಕಾಲದ ಕಸುಬು ಅಂತ ಆಣೆ ಮಾಡಿದವನ ಸರ ಬೆವರಿಗೆ ಬಣ್ಣ ಬಿಟ್ಟಿತ್ತು. ಅಜ್ಜಿಗೆ ಗೊತ್ತಿರಲಿಲ್ಲ ಅಂದವರ ಮಣಿ ಮಾತ್ರ ಒದ್ದೆ ಕರ್ಚೀಫಿಗೆ ಜಗ್ಗಲಿಲ್ಲ. ಹೌದು, ಉಜ್ಜಿ ನೋಡಿದೆ. ಖಾಲ್ತಿ ಬೇಜಾರು ಮಾಡಿಕೊಳ್ಳಲಿಲ್ಲ, ಇನ್ನೂ ಉಜ್ಜು ಅಂದರು.

ಹಳೆಯ ಅಚ್ಚುಗಳ ಕಥೆಯೂ ಬಂತು. ಇಂಗ್ಲಿಷ್ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ 1891-92ರಲ್ಲಿ ಹಳೆಯ ರಾಜಧಾನಿ ಅಮರ್ನಾದಲ್ಲಿ ಅಗೆದಾಗ ಇಂಥ ಮಣ್ಣಿನ ಅಚ್ಚುಗಳು ಸಾವಿರಗಟ್ಟಲೆ ಸಿಕ್ಕವು. ದ್ರಾಕ್ಷಿ ಗೊಂಚಲು, ತಾವರೆ ಎಸಳು, ಬೆಸ್, ಕಣ್ಣು. ಅಲ್ಲಿ ಪೆಟ್ರಿಯ ಕೈಕೆಳಗೆ ದುಡಿದ 17ರ ಹುಡುಗ ಹೋವರ್ಡ್ ಕಾರ್ಟರ್ ಮುಂದೆ ಟುಟಾಂಖಾಮನ್‌ನ ಚಿನ್ನ ಕಂಡು ಹೆಸರಾದ. ಖಾಲ್ತಿಯ ಮನೆಯಿಂದ ಸ್ವಲ್ಪವೇ ದೂರದ ಮಲ್ಕಟಾದಲ್ಲಿ ಮೂರನೇ ಅಮೆನ್‌ಹೋಟೆಪ್‌ನ ಅರಮನೆ ಇತ್ತು. ರಾಜನ ಹೆಸರು ಒತ್ತಿದ ಫಯಾನ್ಸ್ ಉಂಗುರಗಳು ಅಲ್ಲಿಯೂ ಸಿಕ್ಕಿವೆ. ತೆಳ್ಳನೆ ಉಂಗುರ, ನೆಲಕ್ಕೆ ಬಿದ್ದರೆ ಎರಡು ತುಂಡು. ರಸ್ತೆ ಬದಿಯಲ್ಲಿ ಎಲ್ಲ ಬಸ್ಸುಗಳೂ ನಿಲ್ಲುವ ಮೆಮ್ನಾನ್ ಮೂರ್ತಿಗಳು ಇವನವೇ. ಇವನು ಜೀರುಂಡೆಯನ್ನು ಸುದ್ದಿ ಹಂಚಲೂ ಬಳಸಿದ. ಅಂಗೈಯಗಲದ ಕಲ್ಲಿನ ಜೀರುಂಡೆ ಮಾಡಿಸಿ, ಅಡಿಯಲ್ಲಿ ತಾನು ಹತ್ತು ವರ್ಷದಲ್ಲಿ ನೂರಕ್ಕೂ ಹೆಚ್ಚು ಸಿಂಹ ಹೊಡೆದೆ ಅಂತ ಕೆತ್ತಿಸಿ ಕಳಿಸುತ್ತಿದ್ದ. ಬಡಾಯಿ ಅಂದರೆ ಹೀಗಿರಬೇಕು.

ಜೀರುಂಡೆ ಅಂದರೆ ಸಗಣಿ ಉಂಡೆ ಉರುಳಿಸುವ ಹುಳ. ಅದು ಉಂಡೆ ತಳ್ಳುವುದನ್ನು ನೋಡಿ, ಬೆಳಗಿನ ಸೂರ್ಯನನ್ನೂ ಒಬ್ಬ ದೇವರು ಹೀಗೇ ತಳ್ಳುತ್ತಾನೆ ಅಂದುಕೊಂಡರು. ಹೆಣದ ಎದೆಯ ಮೇಲಿಡುವ ದೊಡ್ಡ ಜೀರುಂಡೆಯ ಅಡಿಯಲ್ಲಿ ಮಂತ್ರ ಬರೆಯುತ್ತಿದ್ದರು. ವಿಚಾರಣೆಯ ಹೊತ್ತಿಗೆ ಸತ್ತವನ ಹೃದಯವೇ ಅವನ ಮೇಲೆ ಸಾಕ್ಷಿ ಹೇಳಬಾರದು ಅನ್ನುವ ಬೇಡಿಕೆ. ಇದನ್ನು ಕೇಳಿ ಅತ್ತಿಗೆ ಬಿದ್ದು ಬಿದ್ದು ನಕ್ಕರು. ಹುಡುಗ ಇನ್ನೊಂದು ಸೇರಿಸಿದ. ಹಿಂದೆ ಇಲ್ಲಿನ ಚಾಲಾಕಿಗಳು ಹೊಸ ಜೀರುಂಡೆಗಳನ್ನು ಟರ್ಕಿ ಕೋಳಿಗೆ ನುಂಗಿಸುತ್ತಿದ್ದರಂತೆ. ಹೊಟ್ಟೆಯಿಂದ ಹೊರಬರುವಾಗ ಅವಕ್ಕೆ ಮೂರು ಸಾವಿರ ವರ್ಷ ವಯಸ್ಸಾಗಿರುತ್ತಿತ್ತು!

ನಾನು ಕೊಂಡಿದ್ದು ಹೋರಸ್ ದೇವರ ಕಣ್ಣು. ಜಗಳದಲ್ಲಿ ಸೇತ್ ಅನ್ನುವ ದೇವರು ಕಿತ್ತ ಕಣ್ಣನ್ನು ತೋತ್ ದೇವರು ಮತ್ತೆ ಸರಿಮಾಡಿದ, ಅದಕ್ಕೇ ಅದು ವಾಸಿಯಾಗುವುದರ ಗುರುತು. ಖಾಲ್ತಿಗೆ ಆ ದೇವರುಗಳ ಮೇಲೆ ನಂಬಿಕೆ ಇಲ್ಲ, ಅವರು ನಮಾಜು ಮಾಡುವವರು. ಆದರೆ ಮೊಮ್ಮಗನ ಅಂಗಿಗೂ ಪಕ್ಕದ ಮನೆಯ ಕತ್ತೆಯ ಕತ್ತಿಗೂ ತಾವು ಮಾಡಿದ ನೀಲಿ ಮಣಿ ಕಟ್ಟಿದ್ದಾರೆ. ದೃಷ್ಟಿಗೆ. ಅತ್ತಿಗೆ ತಮ್ಮ ಫೋನಿನಲ್ಲಿ ಮೊಮ್ಮಗಳ ಕೆನ್ನೆಯ ಮೇಲಿನ ದೃಷ್ಟಿಬೊಟ್ಟು ತೋರಿಸಿದರು. ಖಾಲ್ತಿ ತುಂಬಾ ಹೊತ್ತು ನೋಡಿ, ಕಪ್ಪು ಯಾಕೆ, ನೀಲಿ ಅಲ್ವಾ ಕೆಲಸ ಮಾಡೋದು ಅಂತ ವಾದಕ್ಕೆ ಇಳಿದರು. ಹೆರಿಗೆ ವಾರ್ಡಿನ ಅನುಭವವೆಲ್ಲ ತಂದು ಸುರಿದರೂ ಅತ್ತಿಗೆ ಆ ವಾದ ಗೆಲ್ಲಲಿಲ್ಲ.

ಕಣ್ಣಿಗೆ 400 ಈಜಿಪ್ಟ್ ಪೌಂಡ್, ನಮ್ಮ ಲೆಕ್ಕದಲ್ಲಿ 700 ರೂಪಾಯಿ ಆಸುಪಾಸು. ಚೌಕಾಸಿ ಮಾಡಲಿಲ್ಲ. ಪೇಟೆಯಲ್ಲಿ ಕೊಂಡ ಬಣ್ಣದ ಸರಕ್ಕೆ ಇದಕ್ಕಿಂತ ಜಾಸ್ತಿ ಕೊಟ್ಟಿದ್ದೆವು. ತವೆರೆತ್ ಮಾತ್ರ ಸಿಗಲಿಲ್ಲ. ಮಾಡಿಟ್ಟವು ಹಲಗೆಯ ಮೇಲೆ ಇನ್ನೂ ಒಣಗುತ್ತಿದ್ದವು, ಭಟ್ಟಿ ಹಾಕುವುದು ಶುಕ್ರವಾರದ ನಂತರ, ನಮ್ಮ ವಿಮಾನ ಗುರುವಾರ. ಬೇಗ ಒಣಗಿಸೋಕೆ ಆಗಲ್ವಾ ಅಂದಿದ್ದಕ್ಕೆ ಖಾಲ್ತಿ ಅತ್ತಿಗೆಯನ್ನೇ ಕೇಳಿದರು: ನೀವು ಒಂಬತ್ತು ತಿಂಗಳ ಕೆಲಸವನ್ನು ಬೇಗ ಮಾಡಿಸ್ತಿದ್ರಾ? ಅತ್ತಿಗೆ ಬಾಯಿ ಮುಚ್ಚಿಕೊಂಡು ಒಂದು ಬೆಸ್ ಕೊಂಡರು.

ಹೊರಡುವಾಗ ಖಾಲ್ತಿ ಶಾಲೆ ನೋಟ್‌ಬುಕ್ಕಿನ ಹಾಳೆ ಹರಿದು ಅರಬ್ಬಿಯಲ್ಲಿ ಏನೋ ಬರೆದು ಕೊಟ್ಟರು. ಇದು ತುಂಬಾ ಮುಖ್ಯ. ಈಜಿಪ್ಟಿನಲ್ಲಿ 1983ರ ಕಾಯ್ದೆ ಪ್ರಕಾರ ಹಳೆಯ ವಸ್ತುಗಳ ಮಾರಾಟವೂ ಇಲ್ಲ, ಹೊರಗೆ ಸಾಗಿಸುವುದೂ ಇಲ್ಲ. ಚೆನ್ನಾಗಿ ಮಾಡಿದ ಹೊಸ ತಾಯಿತ ಹಳೆಯದರ ಹಾಗೇ ಕಾಣುತ್ತದೆ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅತ್ತಿಗೆಯ ಬೆಸ್ ಹೊರಗೆ ಬಂತು, ಇಬ್ಬರು ಅಧಿಕಾರಿಗಳು ತಿರುಗಿಸಿ ತಿರುಗಿಸಿ ನೋಡಿದರು. ಹಾಳೆ ಕೊಟ್ಟೆವು. ಓದಿದವರು ನಕ್ಕು ಇನ್ನೊಬ್ಬರಿಗೆ ದಾಟಿಸಿದರು. ಏನು ಬರೆದಿದೆ ಅಂತ ಕೇಳಿದೆ. "ಇದನ್ನು ನೆಲದಿಂದ ಅಗೆದಿಲ್ಲ, ನಾನೇ ಮಾಡಿದ್ದು, ಬೇಕಾದರೆ ಬಂದು ನೋಡಿ" ಅಂತ ಇದೆಯಂತೆ. ಬೆಸ್ ವಾಪಸ್ ಬ್ಯಾಗಿಗೆ ಹೋಯಿತು. ಯಾರ ಹತ್ತಿರ ಕೊಂಡರೂ ಇಂಥದ್ದೊಂದು ಚೀಟಿ ಬರೆಸಿಕೊಳ್ಳಿ, ಅರಬ್ಬಿಯಲ್ಲೇ.