ಬಾಡಿಗೆ ಮನೆಯ ಗೀಸರ್, ಇಂಡಕ್ಷನ್: ಎಂಸಿಬಿ ಬಿದ್ದಿಲ್ಲ ಅಂದಮಾತ್ರಕ್ಕೆ ಎಲ್ಲ ಸರಿ ಇದೆ ಅಂತಲ್ಲ

ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ಹೋದವರು ಕಾವೇರಿ ನೀರಾ ಬೋರ್‌ವೆಲ್ಲಾ, ಪಾರ್ಕಿಂಗ್ ಇದೆಯಾ, ಅಡ್ವಾನ್ಸ್ ಎಷ್ಟು ಎಂದೆಲ್ಲ ವಿಚಾರಿಸುತ್ತಾರೆ. ಗೀಸರ್ ಪಾಯಿಂಟಿಗೆ ಯಾವ ವೈರ್ ಎಳೆದಿದ್ದಾರೆ, ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವೈರ್) ನಿಜವಾಗಿಯೂ ಇದೆಯಾ ಎಂದು ಕೇಳುವವರು ಕಡಿಮೆ. ಮನೆಯಲ್ಲಿ ಅತಿ ಹೆಚ್ಚು ಕರೆಂಟ್ ಎಳೆಯುವುದು ಬಾತ್‌ರೂಮಿನ ಗೀಸರ್ ಮತ್ತು ಅಡುಗೆಮನೆಯ ಇಂಡಕ್ಷನ್ ಒಲೆ. ಎರಡೂ ಇರುವುದು ನೀರಿನ ಪಕ್ಕದಲ್ಲೇ. ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್ಚೇ ಎಂಸಿಬಿ; ಅದು ಬಿದ್ದಿಲ್ಲ ಅಂದಮಾತ್ರಕ್ಕೆ ಇವೆರಡೂ ಸರಿಯಾಗಿವೆ ಎನ್ನುವಂತಿಲ್ಲ.

ಮೊದಲು ಲೆಕ್ಕ. ವ್ಯಾಟ್ ಅನ್ನು 230ರಿಂದ ಭಾಗಿಸಿದರೆ ಆಂಪ್ ಸಿಗುತ್ತದೆ. 2 ಕಿಲೋವ್ಯಾಟ್ ಸ್ಟೋರೇಜ್ ಗೀಸರ್ ಎಳೆಯುವುದು 8.7 ಆಂಪ್, 3 ಕಿಲೋವ್ಯಾಟ್ ಇನ್‌ಸ್ಟಂಟ್ ಗೀಸರ್ 13 ಆಂಪ್, 2000 ವ್ಯಾಟ್ ಇಂಡಕ್ಷನ್ ಮತ್ತೆ 8.7 ಆಂಪ್. ಇನ್‌ಸ್ಟಂಟ್ ಗೀಸರ್‌ಗಳಲ್ಲಿ 4.5 ಕಿಲೋವ್ಯಾಟಿನವೂ ಇವೆ; ಅವು 19.6 ಆಂಪ್ ಎಳೆಯುತ್ತವೆ, ಹಾಗಾಗಿ ಅವನ್ನು 16 ಆಂಪಿನ ಸಾಕೆಟ್ಟಿಗೆ ಸಿಕ್ಕಿಸಲೇಬಾರದು. ಅವಕ್ಕೆ ಡಿಬಿಯಿಂದ, ಅಂದರೆ ಎಂಸಿಬಿಗಳೆಲ್ಲ ಇರುವ ಪೆಟ್ಟಿಗೆಯಿಂದ, ನೇರವಾಗಿ 4 ಸ್ಕ್ವೇರ್ (ಚದರ ಮಿಲಿಮೀಟರ್) ತಾಮ್ರದ ವೈರ್, 25 ಆಂಪ್ ಎಂಸಿಬಿ, ಎರಡೂ ವೈರನ್ನು ಒಟ್ಟಿಗೇ ಕಡಿಯುವ 32 ಆಂಪಿನ ಡಬಲ್ ಪೋಲ್ ಸ್ವಿಚ್ ಬೇಕು. ಪ್ಲಗ್ ಇಲ್ಲದೆ ಟರ್ಮಿನಲ್‌ಗೇ ಬಿಗಿಯಬೇಕು. 2 ಮತ್ತು 3 ಕಿಲೋವ್ಯಾಟಿನವಕ್ಕೆ 2.5 ಸ್ಕ್ವೇರ್ ವೈರ್, 16 ಆಂಪ್ ಎಂಸಿಬಿ ಸಾಕು. ದೂರ ಜಾಸ್ತಿ ಇದ್ದರೆ 4 ಸ್ಕ್ವೇರ್ ಹಾಕಿಸುವುದು ಒಳ್ಳೆಯದು. ಯಾವುದೇ ಆದರೂ ಆ ಲೈನಿನಲ್ಲಿ ಬೇರೆ ಪಾಯಿಂಟ್ ಇರಬಾರದು.

ಅಡುಗೆಮನೆಯಲ್ಲಿ ಹೆಚ್ಚಾಗಿ ಆಗುವ ತಪ್ಪು ಇದು: ಇಂಡಕ್ಷನ್‌ಗೆ 16 ಆಂಪಿನ ದಪ್ಪ ಪಿನ್ ಇರುತ್ತದೆ, ಕಟ್ಟೆಯ ಮೇಲೆ ಇರುವುದು ಮಿಕ್ಸಿಗೆಂದು ಹಾಕಿದ 6 ಆಂಪಿನ ಸಾಕೆಟ್. ಅಂಗಡಿಯಲ್ಲಿ ಸಿಗುವ ಕನ್ವರ್ಷನ್ ಪ್ಲಗ್ ತಂದು ಸಿಕ್ಕಿಸುತ್ತಾರೆ, ಅಥವಾ ಪಿನ್ ಕತ್ತರಿಸಿ ಸಣ್ಣ ಪಿನ್ ಹಾಕಿಸುತ್ತಾರೆ. ಆ ಸಾಕೆಟ್‌ಗೆ ಬಂದಿರುವುದು ಲೈಟಿನ ಲೈನಿನಿಂದ ಲೂಪ್ ಮಾಡಿದ 1 ಅಥವಾ 1.5 ಸ್ಕ್ವೇರ್ ವೈರ್, ಅದರ ಹಿಂದೆ 10 ಆಂಪ್ ಎಂಸಿಬಿ. 8.7 ಆಂಪ್ ಹರಿದರೆ ಎಂಸಿಬಿಗೆ ತಕರಾರಿಲ್ಲ. 6 ಆಂಪ್ ಹೊರಲು ಮಾಡಿದ ಸಾಕೆಟ್ ಮಾತ್ರ ಬೇಯುತ್ತದೆ. ಎಂಸಿಬಿ ಕಾಯುವುದು ವೈರನ್ನು; ಅದರ ಕಣ್ಣಿಗೆ ಸಾಕೆಟ್ ಬೀಳುವುದಿಲ್ಲ. ಇನ್ನೊಂದು ಸಂಗತಿ: 16 ಆಂಪ್ ಎಂಸಿಬಿ 18 ಆಂಪನ್ನು ಒಂದು ಗಂಟೆ ಬಿಟ್ಟುಕೊಡುವಂತೆಯೇ ತಯಾರಾಗಿರುತ್ತದೆ. 23 ಆಂಪ್ ಮೀರಿದರೆ ಮಾತ್ರ ಒಂದು ಗಂಟೆಯೊಳಗೆ ಬೀಳಲೇಬೇಕು ಎನ್ನುವುದು ಅದರ ನಿಯಮ.

ಸಾಕೆಟ್ ಹೇಗೆ ಸುಡುತ್ತದೆ ಎನ್ನುವುದನ್ನು ಹತ್ತಿರದಿಂದ ನೋಡಿ. ಒಳಗಿನ ಹಿತ್ತಾಳೆಯ ಹಿಡಿ ಸಡಿಲವಾಗಿ, ಪಿನ್ನಿಗೂ ಅದಕ್ಕೂ ನಡುವೆ ಬರೀ 0.1 ಓಮ್ ಪ್ರತಿರೋಧ ಬಂತು ಅಂದುಕೊಳ್ಳಿ. 13 ಆಂಪ್ ಹರಿದಾಗ ಆ ಒಂದು ಚುಕ್ಕೆಯಲ್ಲಿ 17 ವ್ಯಾಟ್ ಶಾಖ ಹುಟ್ಟುತ್ತದೆ. ಸಣ್ಣ ಸೋಲ್ಡರಿಂಗ್ ಕಡ್ಡಿಯ ಶಾಖವದು, ಮುಚ್ಚಿದ ಪ್ಲಾಸ್ಟಿಕ್ಕಿನೊಳಗೆ. ಬಿಸಿಗೆ ಹಿಡಿ ಇನ್ನಷ್ಟು ಸಡಿಲವಾಗುತ್ತದೆ, ಲೋಹ ಕಪ್ಪಾಗುತ್ತದೆ, ಪ್ರತಿರೋಧ ಮತ್ತೂ ಏರುತ್ತದೆ. ಮೊದಲು ಒಂದು ತೂತಿನ ಸುತ್ತ ಕಂದು ಬಣ್ಣ, ಆಮೇಲೆ ಹಳಸಿದ ಮೀನಿನಂಥ ವಾಸನೆ, ಆಮೇಲೆ ಪ್ಲಗ್ ಎಳೆದರೂ ಬರುವುದಿಲ್ಲ. ಹೊಸ ಪ್ಲಗ್ ಮಾತ್ರ ಹಾಕಿದರೆ ಹಳೇ ಸಾಕೆಟ್ ಅದನ್ನೂ ಸುಡುತ್ತದೆ, ಎರಡನ್ನೂ ಬದಲಿಸಬೇಕು. ವೈರಿನ ಸುಟ್ಟ ತುದಿಯನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ, ಎಲ್ಲ ಎಳೆಗಳನ್ನೂ ಸೇರಿಸಿ ಬಿಗಿಯಬೇಕು. ತೂತಿಗೆ ಹಿಡಿಸಲಿಲ್ಲವೆಂದು ಅರ್ಧ ಎಳೆಗಳನ್ನು ಕತ್ತರಿಸಿ ಎಸೆಯುವವರಿದ್ದಾರೆ. ಅಂಥ ಕೆಲಸ ಕಂಡರೆ ಅಲ್ಲೇ ನಿಲ್ಲಿಸಿ.

ಇದು ಬೆಂಕಿಯ ವಿಷಯವಾಯಿತು. ಜೀವದ ವಿಷಯ ಬೇರೆ. ಒದ್ದೆ ಮೈಯ ಪ್ರತಿರೋಧ ಸುಮಾರು 1000 ಓಮ್ ಎಂದು ಹಿಡಿದರೆ 230 ವೋಲ್ಟಿಗೆ ಹರಿಯುವುದು 0.23 ಆಂಪ್. ಹೃದಯದ ಬಡಿತ ಕೆಡಿಸಲು ಅಷ್ಟೇ ಧಾರಾಳ. 16 ಆಂಪಿನ ಸಿ ಟೈಪ್ ಎಂಸಿಬಿ ತಟ್ಟನೆ ಬೀಳಲು 80ರಿಂದ 160 ಆಂಪ್ ಬೇಕು. ಅದಕ್ಕೆ ಮನುಷ್ಯ ಒಂದು ಚಿಕ್ಕ ಬಲ್ಬಿನಷ್ಟು ಲೋಡ್. ಇಲ್ಲಿ ಕೆಲಸಕ್ಕೆ ಬರುವುದು ಆರ್‌ಸಿಸಿಬಿ: ಹೋದ ಕರೆಂಟು, ವಾಪಸು ಬಂದ ಕರೆಂಟು ಎರಡನ್ನೂ ತೂಗಿ ನೋಡಿ, 30 ಮಿಲಿಆಂಪ್ ವ್ಯತ್ಯಾಸ ಬಂದರೆ ಕಡಿದುಹಾಕುತ್ತದೆ. ಮೇಲೆ 30 ಎಂದೇ ಬರೆದಿರಬೇಕು. 100 ಎಂದಿದ್ದರೆ ಅದು ಬೆಂಕಿ ತಡೆಯಲು ಇರುವುದು, ಮನುಷ್ಯರಿಗಲ್ಲ.

ಆರ್‌ಸಿಸಿಬಿ ಇದ್ದ ಮನೆಯಲ್ಲೂ ಅದನ್ನು ಬೈಪಾಸ್ ಮಾಡಿರುವ ಸಾಧ್ಯತೆ ಇದೆ. ಯುಪಿಎಸ್ ಹಾಕುವಾಗ ಒಂದು ಲೈನಿನ ಫೇಸ್‌ಗೆ (ಕರೆಂಟ್ ತರುವ ವೈರ್) ಇನ್ನೊಂದು ಲೈನಿನ ನ್ಯೂಟ್ರಲ್ (ವಾಪಸು ಒಯ್ಯುವ ವೈರ್) ಸೇರಿಸಿದರೆ ಅದು ಪದೇ ಪದೇ ಬೀಳುತ್ತದೆ. ನ್ಯೂಟ್ರಲ್ ಬೇರ್ಪಡಿಸುವ ಬದಲು ಆರ್‌ಸಿಸಿಬಿಯನ್ನೇ ತಪ್ಪಿಸಿ ವೈರ್ ಎಳೆದುಬಿಡುತ್ತಾರೆ. ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಮೇಲಿರುವ ಟಿ (ಟೆಸ್ಟ್) ಬಟನ್ ಒತ್ತಿ. ಅದು ಕಾಯುವ ಲೈನುಗಳೆಲ್ಲ ಆಗಲೇ ಕತ್ತಲಾಗಬೇಕು. ಆದರೆ ಟಿ ಬಟನ್ ಕೆಲಸ ಮಾಡಿತೆಂದರೆ ಅರ್ಥಿಂಗ್ ಇದೆ ಎಂದಲ್ಲ. ಆ ಪರೀಕ್ಷೆಗೆ ಅರ್ಥ್ ವೈರೇ ಬೇಕಿಲ್ಲ.

ಅರ್ಥಿಂಗ್ ನೋಡಲು ಮಲ್ಟಿಮೀಟರ್ ಬೇಕು, ಬಳಸಿ ರೂಢಿಯಿಲ್ಲದವರು ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಸಾಕೆಟ್‌ಗೆ ಎದುರು ನಿಂತಾಗ ಮೇಲಿನ ದಪ್ಪ ತೂತು ಅರ್ಥ್, ಕೆಳಗೆ ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್. ಫೇಸ್-ಅರ್ಥ್ ನಡುವೆ 230ರ ಆಸುಪಾಸು, ನ್ಯೂಟ್ರಲ್-ಅರ್ಥ್ ನಡುವೆ ಒಂದೆರಡು ವೋಲ್ಟ್ ಬರಬೇಕು. ಫೇಸ್-ಅರ್ಥ್ 90, 120 ಎಂದು ಅಲ್ಲಾಡುತ್ತಿದ್ದರೆ ಅರ್ಥ್ ವೈರ್ ಎಲ್ಲಿಗೂ ತಲುಪಿಲ್ಲ. ಇನ್ನೂ ಅಪಾಯದ್ದು ಮತ್ತೊಂದಿದೆ: ಸಾಕೆಟ್ ಹಿಂದೆ ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದು ತುಂಡು ವೈರ್ ಕೊಟ್ಟು ‘ಅರ್ಥಿಂಗ್ ಆಯ್ತು’ ಎನ್ನುವುದು. ಮೀಟರಿನಲ್ಲಿ ಫೇಸ್-ಅರ್ಥ್ 230 ಚೆನ್ನಾಗಿಯೇ ಕಾಣುತ್ತದೆ. ಆದರೆ ಸೋರಿದ ಕರೆಂಟ್ ನ್ಯೂಟ್ರಲ್‌ನಲ್ಲೇ ವಾಪಸಾಗುವುದರಿಂದ ಆರ್‌ಸಿಸಿಬಿಗೆ ಸೋರಿಕೆ ಗೊತ್ತೇ ಆಗುವುದಿಲ್ಲ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಗೀಸರಿನ ಮೈಗೆ ಪೂರ್ತಿ 230 ವೋಲ್ಟ್ ಬಂದು ಕೂರುತ್ತದೆ. ಗೀಸರ್ ಓಡುತ್ತಿರುವಾಗಲೂ ಅದೇ ಬೋರ್ಡಿನ ನ್ಯೂಟ್ರಲ್-ಅರ್ಥ್ ನಡುವೆ ಚೊಕ್ಕ ಸೊನ್ನೆ ತೋರಿಸಿದರೆ, ಮೇನ್ ಆಫ್ ಮಾಡಿಸಿ ಸಾಕೆಟ್ ಬಿಚ್ಚಿಸಿ ನೋಡಿ.

ಸ್ವಿಚ್ ಬಗ್ಗೆ ಒಂದು ಮಾತು. ಒಂದೇ ಪೋಲಿನ ಸ್ವಿಚ್ಚನ್ನು ತಪ್ಪಿ ನ್ಯೂಟ್ರಲ್‌ಗೆ ಹಾಕಿದ್ದರೆ, ಆಫ್ ಮಾಡಿದರೂ ಗೀಸರಿನೊಳಗೆ ಫೇಸ್ ಇದ್ದೇ ಇರುತ್ತದೆ. ಬಾತ್‌ರೂಮಿನ ಹೊರಗೆ ಡಬಲ್ ಪೋಲ್ ಸ್ವಿಚ್ ಇದ್ದರೆ ಈ ಭಯವಿಲ್ಲ. ಅದು ಆಗುವವರೆಗೆ ನೀರು ಕಾಯಿಸಿ, ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಆಮೇಲೆ ಸ್ನಾನಕ್ಕಿಳಿಯಿರಿ.

ಬೋರ್‌ವೆಲ್ ನೀರಿನ ಮನೆಗಳಲ್ಲಿ ಗೀಸರ್ ಕಾಯಿಲ್ ಮೇಲೆ ಸುಣ್ಣ ಕಟ್ಟಿ, ಹೊರಕವಚ ಸೀಳಿ, ಕರೆಂಟ್ ಹೊರಬಾರದಂತೆ ಒಳಗೆ ತುಂಬಿದ ಪುಡಿ ನೀರು ಕುಡಿದು ಸೋರಿಕೆ ಶುರುವಾಗುತ್ತದೆ. ಗೀಸರ್ ಹಾಕಿದಾಗ ಮಾತ್ರ ಆರ್‌ಸಿಸಿಬಿ ಬೀಳುತ್ತಿದ್ದರೆ, ನಲ್ಲಿ ಮುಟ್ಟಿದಾಗ ಜುಮ್ ಅಂದರೆ ಮೊದಲ ಅನುಮಾನ ಕಾಯಿಲ್ ಮೇಲಿರಲಿ. ಪ್ಲಗ್ ಕಿತ್ತು ಬಳಸುವುದನ್ನು ನಿಲ್ಲಿಸಿ ಕಾಯಿಲ್ ಬದಲಿಸಿ, ಜೊತೆಗೆ ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವ ಮೆಗ್ನೀಷಿಯಂ ಆನೋಡ್ ಕಡ್ಡಿ ಕೂಡ.

ಅಡ್ವಾನ್ಸ್ ಕೊಡುವ ಮುಂಚೆ ಡಿಬಿ ಮುಚ್ಚಳ ತೆಗೆದು ಎಂಸಿಬಿಗಳನ್ನು ಒಂದೊಂದಾಗಿ ಆಫ್ ಮಾಡಿ, ಯಾವ ಪಾಯಿಂಟ್ ಸತ್ತಿತು ನೋಡಿ. ಗೀಸರ್ ಜೊತೆ ಹಾಲ್ ಲೈಟೂ ಹೋದರೆ ಪ್ರತ್ಯೇಕ ಲೈನ್ ಇಲ್ಲವೆಂದೇ ಅರ್ಥ. ಹತ್ತು ನಿಮಿಷದ ಕೆಲಸ, ಓನರ್ ಎದುರಿಗೇ ಮಾಡಬಹುದು. ಮನೆಗೆ ಬಂದ ಮೇಲೆ ಗೀಸರ್ 15 ನಿಮಿಷ ಓಡಿಸಿ, ಆಫ್ ಮಾಡಿ, ಪ್ಲಗ್ ಮುಟ್ಟಿ: ಉಗುರುಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಿದ್ದರೆ ಅದನ್ನು ಬಳಸಬೇಡಿ.

ಖರ್ಚು ಯಾರದ್ದು? ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿಯಲ್ಲಿ ವೈರಿಂಗ್ ಓನರ್ ಪಾಲಿಗೆ, ಗೀಸರ್, ಸ್ವಿಚ್, ಸಾಕೆಟ್ ರಿಪೇರಿ ಬಾಡಿಗೆದಾರರ ಪಾಲಿಗೆ ಬಂದಿದೆ. ಅದು ಮಾದರಿಯಷ್ಟೇ, ರಾಜ್ಯಗಳು ತಾವಾಗಿ ಕಾನೂನು ಮಾಡಿಕೊಳ್ಳಬೇಕು. ಆದರೂ 11 ತಿಂಗಳ ಅಗ್ರಿಮೆಂಟಿಗೆ ಆ ಹಂಚಿಕೆಯನ್ನೇ ಎತ್ತಿಕೊಳ್ಳಬಹುದು. ‘ಗೀಸರ್ ಮತ್ತು ಅಡುಗೆಮನೆಯ ಪವರ್ ಪಾಯಿಂಟಿಗೆ ಪ್ರತ್ಯೇಕ ಲೈನ್, ಕೆಲಸ ಮಾಡುವ ಅರ್ಥಿಂಗ್ ಮತ್ತು 30 ಮಿಲಿಆಂಪ್ ಆರ್‌ಸಿಸಿಬಿಯನ್ನು ಮಾಲೀಕರು ಒದಗಿಸತಕ್ಕದ್ದು’ ಎಂದು ಒಂದು ಸಾಲು ಬರೆಸಿ. ಅಷ್ಟಕ್ಕೂ ಒಪ್ಪದಿದ್ದರೆ ಓನರಿಗೆ ತಿಳಿಸಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲಿ ಗೀಸರ್ ಲೈನಿಗಷ್ಟೇ ಒಂದು 30 ಮಿಲಿಆಂಪ್ ಆರ್‌ಸಿಬಿಒ ಹಾಕಿಸಿಕೊಳ್ಳಿ. ಎಂಸಿಬಿ, ಆರ್‌ಸಿಸಿಬಿ ಎರಡರ ಕೆಲಸವನ್ನೂ ಅದೊಂದೇ ಮಾಡುತ್ತದೆ. ಮನೆ ಖಾಲಿ ಮಾಡುವಾಗ ಬಿಚ್ಚಿಸಿ, ಹಳೇ ಎಂಸಿಬಿ ವಾಪಸು ಕೂರಿಸಿ, ಜೊತೆಗೆ ತೆಗೆದುಕೊಂಡು ಹೋಗಬಹುದು.